ಹಾಲುತೊಂಡೆಗೆ ಕಿರು ಆರ್‌ಎನ್‌ಎ ಮದ್ದು: ಎಷ್ಟು ನಂಬಬಹುದು?

ಕಡೂರು, ತರೀಕೆರೆ, ಅಜ್ಜಂಪುರದ ರೇಷ್ಮೆ ಹುಳುಮನೆಯಲ್ಲಿ ಹಾಲುತೊಂಡೆ ರೋಗ ಗುರುತಿಸಲು ಸೂಕ್ಷ್ಮದರ್ಶಕ ಬೇಕಿಲ್ಲ. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಕಳಚಿ, ಎದ್ದ ಹುಳು ಸೊಪ್ಪು ಬಿಟ್ಟು ಸ್ಟ್ಯಾಂಡಿನ ಅಂಚಿಗೆ ಹರಿದಾಡುತ್ತದೆ, ಮೈಯ ಉಂಗುರಗಳು ಊದುತ್ತವೆ, ಕಾಲು ಚಿವುಟಿದರೆ ಬೆಳ್ಳಗಿನ ರಸ ಜಿನುಗುತ್ತದೆ. ಬಿಎಂಎನ್‌ಪಿವಿ ಎಂಬ ವೈರಸ್ ತರುವ ಈ ರೋಗಕ್ಕೆ ಚಿಕಿತ್ಸೆಯಿಲ್ಲ, ತಡೆಯೊಂದೇ ದಾರಿ. ಆ ತಡೆಯನ್ನು ಹುಳುವಿನ ಒಳಗೇ ಕೂರಿಸಬಹುದು ಎನ್ನುವುದು ಕಿರು ಆರ್‌ಎನ್‌ಎ ಸಂಶೋಧನೆಯ ವಾದ.

ವಾದದ ಬುಡ ಗಟ್ಟಿಯಿದೆ. ವೈರಸ್‌ನ ಆರ್‌ಎನ್‌ಎ ಜೋಡಿಯೆಳೆಯಾಗಿ ಕಂಡೊಡನೆ ಹುಳುವಿನ ಡೈಸರ್ ಕಿಣ್ವ ಅದನ್ನು ಸುಮಾರು 20 ಅಕ್ಷರಗಳ ತುಣುಕುಗಳಾಗಿ ಕತ್ತರಿಸುತ್ತದೆ. ಆರ್ಗೊನಾಟ್ ಪ್ರೋಟೀನು ಆ ತುಣುಕನ್ನೇ ಗುರುತಿನ ಚೀಟಿಯಾಗಿ ಹಿಡಿದು, ಅದಕ್ಕೆ ಹೊಂದುವ ವೈರಸ್ ಆರ್‌ಎನ್‌ಎಯನ್ನು ಹುಡುಕಿ ತುಂಡರಿಸುತ್ತದೆ. ಆದರೆ ವೈರಸ್ಸೂ ಸುಮ್ಮನಿರುವುದಿಲ್ಲ. ಅದು ತನ್ನದೇ ಮೈಕ್ರೋ ಆರ್‌ಎನ್‌ಎಯಿಂದ ಹುಳುವಿನ ರಾನ್ ಪ್ರೋಟೀನನ್ನು ಕುಗ್ಗಿಸುತ್ತದೆ ಎಂದು ಹೈದರಾಬಾದಿನ ವಿಜ್ಞಾನಿಗಳು 2012ರಲ್ಲಿ ತೋರಿಸಿದರು. ಮೈಕ್ರೋ ಆರ್‌ಎನ್‌ಎಯ ಕಚ್ಚಾ ರೂಪ ಕೋಶಕೇಂದ್ರದಿಂದ ಹೊರಬರಲು ರಾನ್ ಬೇಕೇ ಬೇಕು. ಅದು ಕಡಿಮೆಯಾದರೆ ಹುಳುವಿನ ಕಿರು ಆರ್‌ಎನ್‌ಎ ದಾಸ್ತಾನೇ ಬರಿದಾಗುತ್ತದೆ. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಕೆಲಸ ಇದು. ಹುಳುವಿನ ರಕ್ಷಣೆಯಷ್ಟೇ ಅಲ್ಲ, ಆ ರಕ್ಷಣೆ ಸೋಲುವ ಜಾಗವನ್ನೂ ಅದು ಬೆರಳಿಟ್ಟು ತೋರಿಸಿತು.

ಹೈದರಾಬಾದಿನ ಸಿಡಿಎಫ್‌ಡಿಯಲ್ಲಿ ಜೆ. ನಾಗರಾಜು ಅವರ ತಂಡ ಕಿರು ಆರ್‌ಎನ್‌ಎಯ ತಿಳಿವಳಿಕೆಯನ್ನು ತಳಿಗೆ ಇಳಿಸಿತು. 2007ರ ಪ್ರಯೋಗದಲ್ಲಿ ವೈರಸ್‌ನ ಐಇ-1 ಎಂಬ ಒಂದೇ ಜೀನಿಗೆ ಗುರಿಯಿಟ್ಟ ಕುಲಾಂತರಿ ಹುಳುಗಳಿಗೆ ಸಿಕ್ಕಿದ್ದು ಅರೆಬರೆ ರಕ್ಷಣೆ. 2013ರಲ್ಲಿ ಪ್ರಕಟವಾದ ಕೆಲಸ ಒಂದಕ್ಕಿಂತ ಹೆಚ್ಚು ಜೀನುಗಳಿಗೆ ಒಟ್ಟಿಗೆ ಗುರಿಯಿಟ್ಟಿತು, ಫಲ ಬಹಳ ಸುಧಾರಿಸಿತು. ಆ ಗುಣವನ್ನು ಹೆಚ್ಚು ಗೂಡು ಕೊಡುವ ತಳಿಗೂ ದಾಟಿಸಲಾಯಿತು. ಒಂದು ಜೀನು ಬದಲಾಗಿ ತಪ್ಪಿಸಿಕೊಂಡರೂ ಉಳಿದವು ಸಿಗುತ್ತವೆ ಎಂಬ ಲೆಕ್ಕ ಸರಿಯಾದದ್ದೇ.

ಸೊಪ್ಪಿಗೆ ಆರ್‌ಎನ್‌ಎ ಸವರಿ ತಿನ್ನಿಸುವ ಆಲೋಚನೆಯ ಬಗ್ಗೆ ಮಾತ್ರ ನನಗೆ ಭರವಸೆಯಿಲ್ಲ. ರೇಷ್ಮೆ ಹುಳುವಿನ ಕರುಳು ತೀವ್ರ ಕ್ಷಾರೀಯ, ಜೋಡಿಯೆಳೆ ಆರ್‌ಎನ್‌ಎಯನ್ನು ಒಡೆಯುವ ಕಿಣ್ವವೂ ಅಲ್ಲೇ ಇದೆ. ಉಳಿದ ಅಲ್ಪಸ್ವಲ್ಪವೂ ಒಂದು ಕೋಶದಿಂದ ಇನ್ನೊಂದಕ್ಕೆ ಸುಲಭವಾಗಿ ಹರಡುವುದಿಲ್ಲ. ಅಗ್ಗದ ಸಿಂಪರಣೆಯ ಕನಸು ಕರುಳಿನಲ್ಲೇ ಕರಗುತ್ತದೆ.

ತಳಿಯ ದಾರಿಗೂ ಒಂದು ಪರೀಕ್ಷೆ ಬಾಕಿಯಿದೆ. ಪ್ರಯೋಗಾಲಯದಲ್ಲಿ ಅಳೆಯುವುದು ಗೊತ್ತಿರುವ ಪ್ರಮಾಣದ ವೈರಸ್ ಕೊಟ್ಟಾಗ ಎಷ್ಟು ಹುಳು ಬದುಕಿದವು ಎಂಬುದನ್ನು. ಸಾಕಣೆದಾರ ಅಳೆಯುವುದು ನೂರು ಮೊಟ್ಟೆಗೆ ಎಷ್ಟು ಕೆ.ಜಿ. ಗೂಡು ಎಂಬುದನ್ನು. ದೊಡ್ಡ ಹುಳುವಿಗೆ 24–25 ಡಿಗ್ರಿ ಹಿತ, ಕಡೂರು ಬಯಲಿನ ಏಪ್ರಿಲ್ ಆ ಮಿತಿಯನ್ನು ಎಂದೋ ದಾಟಿರುತ್ತದೆ. ಬಿಸಿಲಿಗೆ ಬಳಲಿದ ಹುಳುವಿಗೆ ರೋಗ ಬೇಗ ಹತ್ತುತ್ತದೆ. ಹಾಗಾಗಿ ಕುಲಾಂತರಿಯನ್ನೂ ಈಗಿನ ದ್ವಿತಳಿಯನ್ನೂ, ನಿಯಮ ಒಪ್ಪುವ ಎಚ್ಚರದಲ್ಲಿ, ಇಂಥ ಬೇಸಿಗೆಯಲ್ಲೇ ಅಕ್ಕಪಕ್ಕ ಸಾಕಿ ತೂಗಬೇಕು.

ಆ ತೂಕದಲ್ಲಿ ಗೆದ್ದರೂ ಬ್ಲೀಚಿಂಗ್ ಪುಡಿ, ವಿಜೇತ ಸೋಂಕುನಿವಾರಕ, ಶುಚಿಯಾದ ಚಾಕಿ ಮೂಲೆಗೆ ಸೇರುವುದಿಲ್ಲ. ಕಿರು ಆರ್‌ಎನ್‌ಎ ತನಗೆ ಹೊಂದುವ ವೈರಸ್ಸನ್ನಷ್ಟೇ ಕತ್ತರಿಸುತ್ತದೆ. ಸುಣ್ಣಕಟ್ಟಿನ ಬೂಷ್ಟಾಗಲಿ, ಸಪ್ಪೆರೋಗದ ಬ್ಯಾಕ್ಟೀರಿಯಾ ಆಗಲಿ ಅದರ ಲೆಕ್ಕಕ್ಕೇ ಬರುವುದಿಲ್ಲ.