ಪೂತನಿಯ ಪಗಾರ

ಮಧ್ಯರಾತ್ರಿ. ಮನೆಯವರೆಲ್ಲ ಮಲಗಿದ್ದಾರೆ. ಕೂಸು ನೋಡಿಕೊಳ್ಳಲು ಬಂದ ಹೆಣ್ಣುಮಗಳು ಸದ್ದಿಲ್ಲದೆ ತೊಟ್ಟಿಲ ಹತ್ತಿರ ಹೋಗುತ್ತಾಳೆ, ಮಗುವನ್ನು ಎತ್ತಿಕೊಳ್ಳುತ್ತಾಳೆ, ತನ್ನ ಎದೆಹಾಲು ಕುಡಿಸುತ್ತಾಳೆ. ರಕ್ತ ಇಲ್ಲ, ಚಾಕು ಇಲ್ಲ, ಕಿರುಚಾಟವೂ ಇಲ್ಲ. ಆದರೂ 1992ರ 'ದಿ ಹ್ಯಾಂಡ್ ದಟ್ ರಾಕ್ಸ್ ದಿ ಕ್ರೇಡಲ್' ನೋಡಿದವರಿಗೆ ಮೈ ಜುಮ್ಮೆನ್ನಿಸಿದ್ದು ಯಾವುದು ಅಂತ ಕೇಳಿದರೆ ಥಟ್ಟನೆ ನೆನಪಾಗೋದು ಇದೇ ದೃಶ್ಯ. ಮುಂದೆ ಆ ಮಗು ಹೆತ್ತವಳ ಹಾಲೇ ಬೇಡ ಅಂತ ಮುಖ ತಿರುಗಿಸುತ್ತದೆ. ಒಂದು ಮನೆಯನ್ನು ಒಳಗಿನಿಂದ ಕಿತ್ತುಕೊಳ್ಳೋದು ಅಂದರೆ ಇದು.

ನಮಗೆ ಈ ಕಥೆ ಹೊಸದಲ್ಲ. ಸುಂದರಿಯ ವೇಷದಲ್ಲಿ ಗೋಕುಲಕ್ಕೆ ಬಂದವಳನ್ನು (ಹುಬ್ಬಳ್ಳಿಯ ಗೋಕುಲ ರೋಡಿಗಲ್ರೀ, ನಂದಗೋಕುಲಕ್ಕೆ) ಯಶೋದೆ ತಡೆಯಲಿಲ್ಲ, ರೋಹಿಣಿ ತಡೆಯಲಿಲ್ಲ. ಆಕೆ ಕೃಷ್ಣನನ್ನು ಎತ್ತಿಕೊಂಡು ವಿಷ ಸವರಿದ ಮೊಲೆ ಉಣಿಸಿದಳು. ಪೂತನಿ. ನ್ಯಾನಿ ಥ್ರಿಲ್ಲರ್‌ಗಳಿಗೆಲ್ಲ ಮೂಲಪುರುಷ ಅನ್ನೋ ಹಾಗೆ ಮೂಲಸ್ತ್ರೀ ಅಂತ ಒಬ್ಬಳಿದ್ದರೆ ಅವಳು ಈಕೆಯೇ. ಪೂತನಿಯ ಕಥೆ ಹೇಗೆ ಮುಗಿಯುತ್ತದೆ ಅನ್ನೋದನ್ನು ನೆನಪಿಟ್ಟುಕೊಂಡಿರಿ. ಈ ಸಿನಿಮಾಗಳ ಲೆಕ್ಕ ಚುಕ್ತಾ ಮಾಡುವಾಗ ಬೇಕಾಗುತ್ತದೆ.

ಮೊದಲು ಮೂಲ ಸಿನಿಮಾ. ಕರ್ಟಿಸ್ ಹ್ಯಾನ್ಸನ್ ನಿರ್ದೇಶನ, ಅಮಾಂಡಾ ಸಿಲ್ವರ್ ಚಿತ್ರಕಥೆ. ಸಿಯಾಟಲ್ ನಗರದ ಕ್ಲೇರ್ ಎರಡನೇ ಬಸುರಿ. ತಪಾಸಣೆಯ ನೆಪದಲ್ಲಿ ಡಾಕ್ಟರ್ ಆಕೆಯ ಮೈಮೇಲೆ ಕೈ ಹಾಕುತ್ತಾನೆ. ಆಕೆ ದೂರು ಕೊಡುತ್ತಾಳೆ. ಸುದ್ದಿ ಹೊರಬೀಳುತ್ತಿದ್ದಂತೆ ಇನ್ನಷ್ಟು ಹೆಂಗಸರು ಮುಂದೆ ಬರುತ್ತಾರೆ. ಡಾಕ್ಟರ್ ಗುಂಡು ಹಾರಿಸಿಕೊಂಡು ಸಾಯುತ್ತಾನೆ. ಅವನ ಹೆಂಡತಿಯೂ ಬಸುರಿ. ಆಸ್ತಿ ಕೈತಪ್ಪುತ್ತದೆ, ಮಗು ಹೋಗುತ್ತದೆ, ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ಟಿವಿಯಲ್ಲಿ ಕ್ಲೇರ್‌ಳ ಮುಖ ನೋಡುತ್ತಾಳೆ. ಮುಂದೆ ಪೇಟನ್ ಅನ್ನೋ ಸುಳ್ಳು ಹೆಸರಿಟ್ಟುಕೊಂಡು ಅದೇ ಕ್ಲೇರ್ ಮನೆಗೆ ಕೂಸು ನೋಡಿಕೊಳ್ಳಲು ಬರುತ್ತಾಳೆ.

ಕಥೆ ಹೇಳುವುದರಲ್ಲಿ ಹ್ಯಾನ್ಸನ್ ಪಳಗಿದ ಕೈ. ಐದು ವರ್ಷದ ನಂತರ 'ಎಲ್.ಎ. ಕಾನ್ಫಿಡೆನ್ಶಿಯಲ್' ಮಾಡಿದ್ದು ಇದೇ ಮನುಷ್ಯ. ಅಸ್ತಮಾ ಇನ್‌ಹೇಲರ್, ತೋಟದ ಗಾಜಿನ ಮನೆ, ಅಂಚೆಗೆ ಹಾಕಬೇಕಾದ ಒಂದು ಲಕೋಟೆ ಇಂಥ ದಿನಬಳಕೆಯ ವಸ್ತುಗಳಲ್ಲೇ ಭಯ ಕಟ್ಟುತ್ತಾನೆ. ರೆಬೆಕಾ ಡಿಮಾರ್ನೆ ಒಂದು ಮುಗುಳ್ನಗೆಯಲ್ಲಿ ಇಡೀ ಪಾತ್ರ ನಿಭಾಯಿಸುತ್ತಾಳೆ. ಸಿನಿಮಾ ಅಮೆರಿಕದ ಗಲ್ಲಾಪೆಟ್ಟಿಗೆಯಲ್ಲಿ ಸತತ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು.

ಆದರೆ ಸ್ವಲ್ಪ ನಿಂತು ನೋಡಿ. ತಪ್ಪು ಮಾಡಿದವನು ಯಾರು? ಡಾಕ್ಟರ್. ಅವನು ಮೊದಲ ಕೆಲವೇ ನಿಮಿಷಗಳಲ್ಲಿ ಸತ್ತು ಪಾರಾಗುತ್ತಾನೆ. ಉಳಿದ ಸಿನಿಮಾ ಪೂರ್ತಿ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಮುಗಿಸುವುದಕ್ಕೆ ಹೊಡೆದಾಡುತ್ತಾರೆ. ಆ ಡಾಕ್ಟರ್ ಕೆಡಿಸಿದ್ದು ಇಬ್ಬರ ಬದುಕನ್ನೂ. ಕ್ಲೇರ್ ಅವನ ಪೇಶೆಂಟ್, ಪೇಟನ್ ಅವನ ಹೆಂಡತಿ, ವ್ಯತ್ಯಾಸ ಅಷ್ಟೇ. ಇದನ್ನು ಸಿನಿಮಾ ಇಬ್ಬರಿಗೂ ಒಮ್ಮೆಯೂ ಹೊಳೆಯಗೊಡುವುದಿಲ್ಲ. ಇನ್ನೊಂದು ವಿಷಯ. ಅನಿತಾ ಹಿಲ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕೂತು ತನ್ನ ಮೇಲಿನ ಕಿರುಕುಳ ಹೇಳಿಕೊಂಡಿದ್ದು 1991ರ ಅಕ್ಟೋಬರ್‌ನಲ್ಲಿ. ಮೂರೇ ತಿಂಗಳಿಗೆ ಈ ಸಿನಿಮಾ ತೆರೆಗೆ ಬಂತು. ಯಾರೂ ಬೇಕಂತ ಹಾಗೆ ಮಾಡಿರಲಿಕ್ಕಿಲ್ಲ. ಆದರೂ ಥಿಯೇಟರ್‌ನಿಂದ ಹೊರಬರುವ ಹೆಣ್ಣುಮಗಳ ಕಿವಿಯಲ್ಲಿ ಉಳಿಯುವ ಮಾತು ಇದು: ದೂರು ಕೊಟ್ಟರೆ ಅದರ ಬಿಲ್ ನಿನ್ನ ಮನೆಗೇ ಬರುತ್ತದೆ.

ಗರ್ಭಕೋಶದ ವಿಚಾರವೂ ಹಾಗೆಯೇ. ಮಗು ಕಳೆದುಕೊಂಡವಳು, ಇನ್ನು ಹೆರಲಾರದವಳು, ಹಾಗಾಗಿ ರಾಕ್ಷಸಿ ಅನ್ನೋ ಸಮೀಕರಣವನ್ನು ಸಿನಿಮಾ ಚರ್ಚೆಯಿಲ್ಲದೆ ಒಪ್ಪಿಕೊಂಡುಬಿಡುತ್ತದೆ. 'ಬಂಜೆ' ಅನ್ನೋ ಮಾತನ್ನು ಬೈಗುಳದಂತೆ ಬಳಸುವ ನಾಡಿನಲ್ಲಿ ಕೂತು ಇದನ್ನು ನೋಡುವುದು ಸುಲಭ ಅಲ್ಲ. ನಮ್ಮ ಕಡೆಯದೇ ಒಂದು ನಿಜ ಸಂಗತಿ ತಗೊಳ್ಳಿ. ಹೋದ ದಶಕದಲ್ಲಿ ಕಲಬುರಗಿ ಜಿಲ್ಲೆಯ ಬಡ ಹೆಣ್ಣುಮಕ್ಕಳ, ಅದರಲ್ಲೂ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅಗತ್ಯವಿಲ್ಲದಿದ್ದರೂ ತೆಗೆದ ಪ್ರಕರಣಗಳು ಹೊರಬಂದವು, ತನಿಖೆಗಳಾದವು. ಆ ಹೆಂಗಸರು ಯಾರ ಮನೆಯ ತೊಟ್ಟಿಲಿಗೂ ಕೈ ಹಾಕಲಿಲ್ಲ. ನ್ಯಾಯ ಬೇಕು ಅಂತ ಧರಣಿ ಕೂತರು. ಥ್ರಿಲ್ಲರ್‌ಗೆ ಇದರಲ್ಲಿ ಸರಕು ಕಾಣುವುದಿಲ್ಲ, ಯಾಕಂದರೆ ಇಲ್ಲಿ ಕೆಟ್ಟವನು ಬಿಳಿ ಕೋಟು ಹಾಕಿಕೊಂಡು ಕೊನೆಯವರೆಗೂ ಬದುಕಿರುತ್ತಾನೆ.

ಈಗ ರಿಮೇಕ್‌ಗಳ ಕಡೆ ಬರೋಣ. ಮುಂಬೈಯವರು ತಡ ಮಾಡಲಿಲ್ಲ. 1993ರಲ್ಲೇ ಸಾವನ್ ಕುಮಾರ್ 'ಖಲ್‌ನಾಯಿಕಾ' ತಂದರು. ಸಂಜಯ್ ದತ್‌ನ 'ಖಲ್‌ನಾಯಕ್' ಬಂದ ವರ್ಷವೇ. ಮನೆಯೊಡತಿ ಜಯಪ್ರದಾ, ಗಂಡ ಜಿತೇಂದ್ರ, ಒಳಗೆ ಬರುವವಳು 'ಆಶಿಕಿ'ಯ ಅನು ಅಗರ್‌ವಾಲ್. 'ಸನಾದಿ ಅಪ್ಪಣ್ಣ', 'ಕವಿರತ್ನ ಕಾಳಿದಾಸ' ನೋಡಿ ಬೆಳೆದ ಕನ್ನಡದ ಮನೆಗಳಿಗೆ ಜಯಪ್ರದಾ ಹೊರಗಿನವರೇನಲ್ಲ. ಹೆಸರಲ್ಲೇ ತೀರ್ಪು ಇದೆ ನೋಡಿ. ಮೂಲದ ಹೆಸರು ತೊಟ್ಟಿಲು ತೂಗುವ ಕೈಯ ಬಗ್ಗೆ ಮಾತಾಡುತ್ತದೆ. ಆ ಕೈ ಯಾರದು ಅನ್ನೋ ಅನುಮಾನ ಅದರಲ್ಲಿ ಉಳಿದಿದೆ. ಹಿಂದಿಯ ಹೆಸರು ಬೋರ್ಡ್ ಬರೆಸಿ ನೇತು ಹಾಕಿದಂತೆ ಖಳನಾಯಕಿ ಯಾರು ಅಂತ ಪೋಸ್ಟರ್‌ನಲ್ಲೇ ಹೇಳಿಬಿಡುತ್ತದೆ.

ರಿಮೇಕ್ ಅಂದರೆ ನಾಲಿಗೆ ಚಪ್ಪರಿಸುವ ನಮ್ಮ ಗಾಂಧಿನಗರದಲ್ಲಿ ಈ ಕಥೆ ಯಾಕೆ ಬೇರೂರಲಿಲ್ಲ? ನನಗನ್ನಿಸೋದು ಇದು. ನಮ್ಮಲ್ಲಿ ಕೂಸು ಕೈಯಿಂದ ಕೈಗೆ ದಾಟುತ್ತಿದ್ದದ್ದು ಮನೆಯವರ ನಡುವೆ. ಬಾಣಂತನ ತವರಲ್ಲಿ, ಎಣ್ಣೆ-ನೀರು ಅಜ್ಜಿಯ ಕೈಯಲ್ಲಿ, ಉಳಿದ ಹೊತ್ತು ದೊಡ್ಡವ್ವ, ಕಾಕು, ಅತ್ತಿ. ಹಾಗಾಗಿ ನಮ್ಮ ಭಯವೂ ನೆಂಟರ ವೇಷದಲ್ಲೇ ಬಂತು. 'ಅಗ್ನಿಸಾಕ್ಷಿ'ಯ ಚಂದ್ರಿಕಾ ಮನೆಯ ಸೊಸೆ, 'ಅಮೃತಧಾರೆ'ಯ ಶಕುಂತಲಾ ಮಲತಾಯಿ. ಧಾರಾವಾಹಿಗಳಲ್ಲಿ ಕೆಲಸದಾಕೆ ಕದ್ದು ಕೇಳಿಸಿಕೊಳ್ಳುವವಳು ಅಥವಾ ನಗಿಸುವವಳು. ಸಂಚು ಮಾಡುವಷ್ಟು ದೊಡ್ಡ ಪಾತ್ರ ಅವಳಿಗೆ ಯಾರೂ ಕೊಡುವುದಿಲ್ಲ.

ಆ ಕಾಲ ಈಗ ಮುಗೀತಾ ಬಂತು. ವಿದ್ಯಾನಗರ, ಕೇಶ್ವಾಪುರ, ನವನಗರ, ಸಪ್ತಾಪುರ ಎಲ್ಲಿ ಹೋದರೂ ಗಂಡ-ಹೆಂಡತಿ ಇಬ್ಬರೂ ದುಡಿಯುವ ಮನೆಗಳಿವೆ. ಒಬ್ಬರ ಆಫೀಸು ಹುಬ್ಬಳ್ಳಿ, ಇನ್ನೊಬ್ಬರದು ಧಾರವಾಡ, ನಡುವೆ ಚಿಗರಿ ಬಸ್ಸು. ಅತ್ತೆ-ಮಾವ ಊರಲ್ಲಿ ಹೊಲ ಬಿಟ್ಟು ಬರಲಾರರು. "ಕೂಸು ನೋಡ್ಕೊಳ್ಳಾಕ ಯಾರರ ಚಲೋ ಹೆಣ್ಣಮಗಳು ಸಿಗ್ತಾಳೇನ್ರಿ?" ಅನ್ನೋದು ಅವಳಿ ನಗರದ ಅಪಾರ್ಟ್‌ಮೆಂಟುಗಳಲ್ಲಿ ದಿನಾ ಕೇಳುವ ಪ್ರಶ್ನೆ. ಸಿಕ್ಕ ಮೇಲೆ ಮೊದಲ ಖರ್ಚು ಸಿಸಿಟಿವಿ. ಮೀಟಿಂಗ್ ನಡುವೆ ಮೊಬೈಲ್ ತೆಗೆದು ಹಾಲ್‌ನಲ್ಲಿ ಏನು ನಡೀತಿದೆ ಅಂತ ನೋಡಿಕೊಳ್ಳುವ ತಾಯಂದಿರ ಆತಂಕವನ್ನು ನಾನು ಗೇಲಿ ಮಾಡಲಾರೆ. ಮಾತು ಬಾರದ ಕೂಸನ್ನು ಬಿಟ್ಟು ಹೋಗುವುದು ಸಣ್ಣ ಮಾತಲ್ಲ. 2017ರ ತಿದ್ದುಪಡಿ 26 ವಾರದ ಹೆರಿಗೆ ರಜೆ ಕೊಟ್ಟಿತು. 50 ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು ಅಂತಲೂ ಹೇಳಿತು. ನಿಮ್ಮ ಆಫೀಸಿನಲ್ಲಿ ಅದು ಎಲ್ಲಿದೆ ಅಂತ ಎಚ್‌ಆರ್‌ಗೆ ಒಮ್ಮೆ ಕೇಳಿ ನೋಡಿ.

ಈ ಆತಂಕಕ್ಕೆ ಸರಿಯಾಗಿ 2025ರ ಅಕ್ಟೋಬರ್‌ನಲ್ಲಿ ಅದೇ ಹೆಸರಿನ ಹೊಸ ರಿಮೇಕ್ ಒಟಿಟಿಗೆ ಬಂತು. ನಿರ್ದೇಶಕಿ ಮೆಕ್ಸಿಕೋದ ಮಿಷೆಲ್ ಗಾರ್ಸಾ ಸೆರ್ವೇರಾ. ತಾಯ್ತನದ ಭಯವನ್ನೇ ವಸ್ತುವಾಗಿಸಿಕೊಂಡ 'ಉವೆಸೆರಾ' ಮಾಡಿದವರು. ಹಾಗಾಗಿ ನಿರೀಕ್ಷೆ ಸಹಜ. ಊರು ಈಗ ಲಾಸ್ ಏಂಜಲೀಸ್. ಮನೆಯೊಡತಿ ಕೇಟ್ಲಿನ್ (ಮೇರಿ ಎಲಿಜಬೆತ್ ವಿನ್‌ಸ್ಟೆಡ್) ಬಾಡಿಗೆದಾರರ ಪರ ವಾದಿಸುವ ವಕೀಲೆ. ಪಾಲಿ (ಮೈಕಾ ಮನ್ರೋ) ಮೊದಲು ಸಿಗುವುದು ಮನೆ ಬಾಡಿಗೆಯ ತಾಪತ್ರಯ ಹೇಳಿಕೊಂಡು ಬಂದವಳಾಗಿ. ಇಬ್ಬರೂ ಚೆನ್ನಾಗಿ ನಟಿಸಿದ್ದಾರೆ. ಮನ್ರೋ ಸುಮ್ಮನೆ ನಿಂತು ನೋಡುವಾಗಲೇ ಎದೆ ತಣ್ಣಗಾಗುತ್ತದೆ.

ಇಲ್ಲಿ ಡಾಕ್ಟರ್ ಇಲ್ಲ. ಸೇಡಿನ ಬೇರು ಇಬ್ಬರ ಬಾಲ್ಯದಲ್ಲಿ, ಒಂದು ಮನೆಗೆ ಬಿದ್ದ ಬೆಂಕಿಯಲ್ಲಿದೆ. ಒಡತಿ ಹಾಲಿನಂಥವಳಲ್ಲ, ಅವಳ ಹಿಂದೆಯೂ ಒಂದು ಗುಟ್ಟಿದೆ. ಇಬ್ಬರೂ ಗಾಯಗೊಂಡ ಮಕ್ಕಳೇ ಅನ್ನೋ ಈ ಬದಲಾವಣೆ ಕಾಗದದ ಮೇಲೆ ಮೂಲಕ್ಕಿಂತ ನ್ಯಾಯವಾದದ್ದು. ಆದರೆ ತೆರೆಯ ಮೇಲೆ ಬೇರೆಯೇ ಆಗುತ್ತದೆ. ಪಾಲಿಯ ಬಾಡಿಗೆಯ ಕಷ್ಟ, ಕೆಲಸದ ಅಗತ್ಯ ಎಲ್ಲ ಒಳಗೆ ನುಗ್ಗಲು ಹೂಡಿದ ಉಪಾಯ ಅಂತ ಗೊತ್ತಾಗುವ ಕ್ಷಣದಲ್ಲಿ ಬಡತನವೇ ಒಂದು ವೇಷವಾಗಿಬಿಡುತ್ತದೆ. ಸಹಾಯ ಕೇಳಿ ಬಂದವಳನ್ನು ನಂಬಿದ್ದೇ ಒಡತಿಯ ತಪ್ಪು ಅನ್ನೋ ಹಾಗೆ. ಬಾಡಿಗೆದಾರರ ವಕೀಲೆಯ ಕಥೆ ಕೊನೆಗೆ ಮನೆ ಮಾಲೀಕರ ಅನುಮಾನವನ್ನೇ ಗಟ್ಟಿ ಮಾಡುವುದು ವಿಚಿತ್ರ.

ಮೂರೂ ಸಿನಿಮಾಗಳ ಮುಖ್ಯ ತೊಡಕು ಇಲ್ಲೇ ಇದೆ. ಈ ನ್ಯಾನಿಯರಿಗೆ ಪಗಾರ ಬೇಕಾಗಿಲ್ಲ. ತಿಂಗಳ ಕೊನೆಗೆ ದುಡ್ಡು ಬೇಕಾಗಿ ಬಂದವಳಾದರೆ ಅವಳ ಉದ್ದೇಶ ಎಲ್ಲರಿಗೂ ಗೊತ್ತಿರುತ್ತದೆ: ಮಕ್ಕಳ ಫೀ, ಮನೆ ಬಾಡಿಗೆ, ಸಂಘದ ಸಾಲದ ಕಂತು. ಪಗಾರವನ್ನು ಕಥೆಯಿಂದ ತೆಗೆದುಹಾಕಿದರೆ ಖಾಲಿ ಉಳಿದ ಜಾಗದಲ್ಲಿ ಸೇಡನ್ನು ತುಂಬಬಹುದು. ಸಿನಿಮಾಕ್ಕೆ ಅದು ಅನುಕೂಲ. ನೋಡಿ ಎದ್ದ ನಮ್ಮ ಕಣ್ಣಿಗೆ ಮಾತ್ರ ಮರುದಿನ ಬೆಳಿಗ್ಗೆ ಬೆಲ್ ಒತ್ತುವ ನಿಜವಾದ ಹೆಣ್ಣುಮಗಳ ಮುಖದಲ್ಲೂ ಅದೇ ಕಾಣಿಸತೊಡಗುತ್ತದೆ.

ನಿಜದಲ್ಲಿ ಬಾಗಿಲು ಹಾಕಿದ ಮೇಲೆ ಆ ಮನೆಯಲ್ಲಿ ಹೆಚ್ಚು ಅಪಾಯ ಇರುವುದು ಯಾರಿಗೆ? ಕಾನೂನು ಉತ್ತರ ಕೊಟ್ಟಿದೆ. ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆ ಮನೆಯನ್ನೂ ಕೆಲಸದ ಸ್ಥಳ ಅಂತ ಪರಿಗಣಿಸಿದೆ, ಮನೆಗೆಲಸದವರನ್ನು ಹೆಸರಿಸಿಯೇ ಸೇರಿಸಿದೆ. ಕರ್ನಾಟಕ 2004ರಲ್ಲೇ ಅವರಿಗೆ ಕನಿಷ್ಠ ವೇತನ ನಿಗದಿ ಮಾಡಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ ಒಪ್ಪಂದಕ್ಕೆ ಭಾರತ ಅನುಮೋದನೆ ಕೊಟ್ಟಿಲ್ಲ. ಮನೆಗೆಲಸದವರಿಗಾಗಿ ಒಂದು ಕಾನೂನಿನ ಅಗತ್ಯ ಇದೆಯೇ ಅಂತ ಪರಿಶೀಲಿಸಿ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಕೇಂದ್ರ ಸರ್ಕಾರಕ್ಕೆ ಹೇಳಬೇಕಾಯಿತು. ಈ ಕಡೆಯಿಂದ ಹೊರಟ ಥ್ರಿಲ್ಲರ್ ಯಾಕಿಲ್ಲ? ಕೆಲಸಕ್ಕೆ ಹೋದ ಹುಡುಗಿಯ ಕಣ್ಣಿನಿಂದ ನೋಡಿದರೆ ಅಪರಿಚಿತ ಮನೆ, ಬೇರೆಯವರ ಬೀಗ, ಮೂಲೆಯಲ್ಲಿ ಮಿನುಗುವ ಕ್ಯಾಮೆರಾ. ಇಷ್ಟು ಸಾಲದೆ?

ಹಾಗಂತ ಮೂಲ ಸಿನಿಮಾವನ್ನು ಪೂರ್ತಿ ತಳ್ಳಿಹಾಕಲಾರೆ. ಅದರಲ್ಲಿ ಸಾಲೊಮನ್ ಇದ್ದಾನೆ. ಬೇಲಿ ಕಟ್ಟಲು ಬಂದ, ಬುದ್ಧಿ ಬೆಳವಣಿಗೆ ಕುಂಠಿತವಾದ ಕಪ್ಪು ಮನುಷ್ಯ. ಅರ್ನಿ ಹಡ್ಸನ್ ನಟನೆ. ಮನೆಯಲ್ಲಿ ನಿಜ ತಿಳಿದವನು ಅವನೊಬ್ಬನೇ. ಪೇಟನ್ ಅವನ ಮೇಲೆ ಹೊಲಸು ಆರೋಪ ಹೊರಿಸಿದಾಗ ಅಷ್ಟು ಒಳ್ಳೆಯ ಕ್ಲೇರ್ ಕೂಡ ತಕ್ಷಣ ನಂಬಿಬಿಡುತ್ತಾಳೆ. ಚಂದದ ಮುಖದವಳನ್ನು ನಂಬಿದ್ದು, ಇವನನ್ನು ನಂಬದೇ ಇದ್ದದ್ದು ಎರಡೂ ಒಂದೇ ಕುರುಡು. ಕೊನೆಗೆ ಅವಳು ಕೂಸನ್ನು ಅವನ ಕೈಗೆ ಕೊಡುತ್ತಾಳೆ. ಇಡೀ ಸಿನಿಮಾ ಭಯ ಹುಟ್ಟಿಸಿದ ಮೇಲೆ ಹೊರಗಿನವನೊಬ್ಬನ ಕೈಯಲ್ಲೇ ಮಗು ಸುರಕ್ಷಿತ ಅಂತ ತೋರಿಸುವ ಆ ಒಂದು ಶಾಟ್ ಸಿನಿಮಾವನ್ನು ಉಳಿಸುತ್ತದೆ. ಹೊಸ ರಿಮೇಕ್‌ನಲ್ಲಿ ಸಾಲೊಮನ್ ಇಲ್ಲ. ನನಗೆ ಅದೇ ಅದರ ದೊಡ್ಡ ನಷ್ಟ.

ಇನ್ನು ಪೂತನಿ. ಕೃಷ್ಣ ಹಾಲಿನ ಜೊತೆ ಅವಳ ಪ್ರಾಣವನ್ನೂ ಹೀರಿದ. ಗೋಕುಲದವರು ಹೆಣ ಸುಟ್ಟಾಗ ಹೊಗೆಯಿಂದ ಅಗರುವಿನ ಪರಿಮಳ ಬಂತು ಅನ್ನುತ್ತದೆ ಭಾಗವತ. ಕೊಲ್ಲಲು ಬಂದವಳೇ ಇರಲಿ, ಎದೆ ಉಣಿಸಿದವಳು ತಾಯಿ ಅಂತ ಅವಳಿಗೆ ತಾಯಿಯ ಗತಿಯನ್ನೇ ಕೊಟ್ಟಿತು. 1992ರ ಸಿನಿಮಾ ತನ್ನ ಪೂತನಿಯನ್ನು ಕಿಟಕಿಯಿಂದ ಕೆಡವಿ ಬೇಲಿಯ ಮೇಲೆ ಬೀಳಿಸಿ ಕೈ ತೊಳೆದುಕೊಂಡಿತು. ವೈರಿಯಾಗಿ ಬಂದವಳ ಹಾಲಿಗೂ ಒಂದು ಬೆಲೆ ಕಟ್ಟಿದ ಕಥೆ ನಮ್ಮದು. ಹಾಗಿರುವಾಗ ಮುಂಜಾನೆ ಎಂಟಕ್ಕೆ ಬಂದು, ನಮ್ಮ ಕೂಸಿಗೆ ಉಣಿಸಿ, ಒರೆಸಿ, ಮಲಗಿಸಿ, ತನ್ನ ಮಕ್ಕಳನ್ನು ಯಾರ ಹತ್ತಿರವೋ ಬಿಟ್ಟು ಬಂದಿರುವವಳಿಗೆ ಕನಿಷ್ಠ ವೇತನ, ವಾರಕ್ಕೊಂದು ರಜೆ, ಹೆಸರು ಹಿಡಿದು ಕರೆಯುವಷ್ಟು ಮರ್ಯಾದೆ ಕೊಡುವುದಕ್ಕೆ ಭಾಗವತದಷ್ಟು ದೊಡ್ಡ ಮನಸ್ಸೇನೂ ಬೇಕಾಗಿಲ್ಲ.