ಪ್ರಣಯದ ಬೆಲೆ ಮತ್ತು ಅಭಿಮಾನಿಯ ನ್ಯಾಯ: ಕನ್ನಡ ಜನಪ್ರಿಯ ಸಿನಿಮಾ ಕುರಿತು ಒಂದು ಜಾನಪದೀಯ ವಿವೇಚನೆ

ಕನ್ನಡ ಸಿನಿಮಾ ವಿಮರ್ಶೆಯಲ್ಲಿ ಅಭಿಮಾನಿಗೆ ದೊರೆತಿರುವ ಸ್ಥಾನ ವಿಚಿತ್ರವಾದುದು. ೧೯೭೦ರ ‘ಸಂಸ್ಕಾರ’ದಿಂದ ಬಲಗೊಂಡ ಹೊಸ ಅಲೆಯ ಚರ್ಚೆಗಳು ಸಹೃದಯನನ್ನು ಉದ್ದೇಶಿಸಿ ನಡೆದವು. ಜನಪ್ರಿಯ ಸಿನಿಮಾದ ಚರ್ಚೆಗಳು ತಾರೆಯನ್ನು ನಡುವೆ ಇರಿಸಿಕೊಂಡವು. ಒಂದೇ ಚಿತ್ರವನ್ನು ಹಲವು ಬಾರಿ ನೋಡಿ, ಅದರ ಮಾತುಗಳನ್ನು ಕಂಠಸ್ಥ ಮಾಡಿಕೊಂಡು, ಕಥೆ ಹೀಗಲ್ಲ ಹಾಗೆ ಮುಗಿಯಬೇಕಿತ್ತೆಂದು ಊರಕಟ್ಟೆಯಲ್ಲಿ ವಾದಿಸುವ ಅಭಿಮಾನಿ ಈ ಎರಡೂ ಕಡೆ ಚಪ್ಪಾಳೆಯ ಸದ್ದಾಗಿಯಷ್ಟೇ ಉಳಿದಿದ್ದಾನೆ. ತಾರಾಭಿಮಾನದ ರಾಜಕೀಯ ಆಯಾಮವನ್ನು ಎಸ್.ವಿ. ಶ್ರೀನಿವಾಸ್ ಅವರ ‘ಮೆಗಾಸ್ಟಾರ್’ (೨೦೦೯) ಮತ್ತು ಎಂ. ಮಾಧವ ಪ್ರಸಾದ್ ಅವರ ‘ಸಿನಿ-ಪಾಲಿಟಿಕ್ಸ್’ (೨೦೧೪) ಕೃತಿಗಳು ಗಂಭೀರವಾಗಿ ಪರಿಶೀಲಿಸಿವೆ. ಆದರೆ ಕಥೆಯನ್ನು ಕುರಿತು ಅಭಿಮಾನಿ ಹೇಳುವ ಮಾತು, ಅದರಲ್ಲಿಯೂ ಯಾರು ಯಾರನ್ನು ಪ್ರೀತಿಸಬಹುದಿತ್ತು, ಯಾರು ಬದುಕಬೇಕಿತ್ತು ಎಂಬ ಅವನ ತೀರ್ಪು, ಇನ್ನೂ ಅಧ್ಯಯನದ ಸಾಮಗ್ರಿಯಾಗಿ ಒದಗಿಲ್ಲ. ಆ ತೀರ್ಪಿನ ಸ್ವರೂಪವನ್ನೂ ಮಿತಿಯನ್ನೂ ಜಾನಪದದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕೇಳುಗನ ಹಕ್ಕು

ಕೇಳುಗನು ಪಠ್ಯದ ಹೊರಗಿನವನಲ್ಲ ಎಂಬುದು ಜಾನಪದ ಅಧ್ಯಯನದ ಮೊದಲ ಪಾಠಗಳಲ್ಲೊಂದು. ಹೂಂಗುಟ್ಟುವವರಿಲ್ಲದೆ ಅಜ್ಜಿಯ ಕಥೆ ಮುಂದೆ ಸಾಗುವುದಿಲ್ಲ. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಮೇಳಗಳಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದವೇ ಹಾಡಾಗುತ್ತದೆ. ನೆರೆದ ಜನ ಅಲ್ಲಿ ಬರಿಯ ಶ್ರೋತೃಗಳಲ್ಲ, ಪಂಚರು. ಎದುರು ಮೇಳದ ಸವಾಲಿಗೆ ಉತ್ತರ ಬಂತೋ ಇಲ್ಲವೋ ಎಂಬುದನ್ನು ಅವರ ಮೆಚ್ಚುಗೆ ಮತ್ತು ಗೇಲಿಗಳೇ ನಿರ್ಧರಿಸುತ್ತವೆ.

ಕೇಳುಗನ ಈ ಹಕ್ಕನ್ನು ರಂಗದ ಮೇಲೆಯೇ ತಂದ ಕೃತಿ ಗಿರೀಶ ಕಾರ್ನಾಡರ ‘ನಾಗಮಂಡಲ’ (೧೯೮೮). ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಮೌಖಿಕ ಕಥೆಗಳು ಈ ನಾಟಕಕ್ಕೆ ಆಧಾರ. ಗಂಡನ ರೂಪದಲ್ಲಿ ಬಂದು ರಾಣಿಯನ್ನು ಪ್ರೀತಿಸಿದ ನಾಗ ಕೊನೆಗೆ ಏನಾದ ಎಂಬ ಪ್ರಶ್ನೆಗೆ ನಾಟಕ ಒಂದೇ ಉತ್ತರ ಕೊಡುವುದಿಲ್ಲ. ರಾಣಿ ದಿವ್ಯದಲ್ಲಿ ಗೆದ್ದು ಗಂಡನೊಡನೆ ಸುಖವಾಗಿದ್ದಳು ಎಂಬಲ್ಲಿಗೆ ಕಥೆ ನಿಂತಾಗ ಕೇಳುತ್ತ ಕುಳಿತವರಿಗೆ ಸಮಾಧಾನವಾಗುವುದಿಲ್ಲ. ಕಥೆ ಮುಂದುವರಿದು, ನಾಗ ರಾಣಿಯ ಕೂದಲಲ್ಲಿ ಕೊರಳು ಬಿಗಿದುಕೊಂಡು ಸಾಯುತ್ತದೆ. ಅದರ ಅಂತ್ಯಸಂಸ್ಕಾರವನ್ನು ಮಗನ ಕೈಯಿಂದ ಮಾಡಿಸಲಾಗುತ್ತದೆ. ಆಗಲೂ ತೃಪ್ತಿ ಇಲ್ಲ. ಕೊನೆಯ ರೂಪದಲ್ಲಿ ನಾಗ ಬದುಕಿ ರಾಣಿಯ ಮುಡಿಯಲ್ಲಿಯೇ ಅಡಗುತ್ತದೆ. ಈ ಮೂರೂ ಮುಕ್ತಾಯಗಳ ಹಿಂದೆ ಇರುವುದು ಕೇಳುಗರ ಒಂದೇ ತಕರಾರು: ಪ್ರೀತಿಸಿದವನಿಗೆ ಏನು ಸಿಕ್ಕಿತು? ಸಿನಿಮಾ ಅಭಿಮಾನಿಯ ತಕರಾರೂ ಇದೇ ಜಾತಿಯದು. ವ್ಯತ್ಯಾಸವಿರುವುದು ಅವಕಾಶದಲ್ಲಿ. ಮೌಖಿಕ ಕಥೆಯನ್ನು ಕೇಳುಗ ಬದಲಾಯಿಸಬಲ್ಲ. ಮುದ್ರಿತವಾದ ರೀಲನ್ನು ಬದಲಾಯಿಸಲಾರ. ಆದುದರಿಂದ ಅವನು ಕಥೆಯ ಹೊರಗೆ ನಿಂತು ಮಾತಿನಲ್ಲಿ ಪಾಠಾಂತರ ಕಟ್ಟುತ್ತಾನೆ. ಅಭಿಮಾನಿಯ ಅಭಿಪ್ರಾಯವೆಂದರೆ ಚಿತ್ರವೊಂದರ ಮೌಖಿಕ ಪಾಠಾಂತರ ಎಂದು ಗ್ರಹಿಸಿದರೆ ಅದರ ಮೌಲ್ಯ ಸ್ಪಷ್ಟವಾಗುತ್ತದೆ.

ದುರ್ಗದ ಬೆಟ್ಟದ ಮೇಲೆ

ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ (೧೯೭೨) ಇಂಥ ಪಾಠಾಂತರಗಳಿಗೆ ಹೆಚ್ಚು ಆಸ್ಪದ ಕೊಟ್ಟ ಚಿತ್ರಗಳಲ್ಲೊಂದು. ತ.ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’ ಕಾದಂಬರಿಗಳನ್ನು ಆಧರಿಸಿದ ಈ ಚಿತ್ರದಲ್ಲಿ ರಾಮಾಚಾರಿ ಎರಡು ಬಾರಿ ಪ್ರೀತಿಸುತ್ತಾನೆ. ಮೊದಲ ಪ್ರೀತಿ ಅಲಮೇಲುವಿನದು. ಪಂಗಡ ಬೇರೆ ಎಂಬ ಕಾರಣಕ್ಕೆ ಆ ಮದುವೆ ಕೂಡದೆಂದು ಚಾಮಯ್ಯ ಮೇಷ್ಟ್ರು ಶಿಷ್ಯನನ್ನು ಒಪ್ಪಿಸುತ್ತಾರೆ. ಬೇರೆಡೆ ಮದುವೆಯಾದ ಅಲಮೇಲು ಮುಂದೆ ವೇಶ್ಯಾವೃತ್ತಿಗೆ ದೂಡಲ್ಪಟ್ಟ ಸ್ಥಿತಿಯಲ್ಲಿ ರಾಮಾಚಾರಿಯ ಕಣ್ಣಿಗೆ ಬೀಳುತ್ತಾಳೆ. ಎರಡನೆಯದು ಕ್ರೈಸ್ತ ಹುಡುಗಿ ಮಾರ್ಗರೆಟ್‌ಳೊಡನೆ. ಅದನ್ನೂ ಮೇಷ್ಟ್ರು ಒಪ್ಪುವುದಿಲ್ಲ. ಚಿತ್ರದುರ್ಗದ ಬೆಟ್ಟದ ಮೇಲೆ ಗುರುವಿನ ಸಾವು, ಅದರ ಬೆನ್ನಿಗೆ ಪ್ರೇಮಿಗಳ ಸಾವು. ಚಿತ್ರ ಅಲ್ಲಿಗೆ ಮುಗಿಯುತ್ತದೆ.

ಈ ಕಥೆಯನ್ನು ಮರಳಿ ಹೇಳುವ ಅಭಿಮಾನಿಗಳಲ್ಲಿ ಸಾಮಾನ್ಯವಾಗಿ ಎರಡು ಪಕ್ಷಗಳಿರುತ್ತವೆ. ಇದು ಗುರುಭಕ್ತಿಯ ಕಥೆ, ಮೇಷ್ಟ್ರು ಸತ್ತ ಮೇಲೆ ರಾಮಾಚಾರಿ ಬದುಕುವುದು ಸಲ್ಲದು ಎಂಬುದು ಒಂದು. ಜಾತಿ ಮತಗಳನ್ನು ಮುಂದೆ ಮಾಡಿದ ಮೇಷ್ಟ್ರೇ ತಪ್ಪಿತಸ್ಥರು, ಜೋಡಿ ಊರು ಬಿಟ್ಟಾದರೂ ಬಾಳಬೇಕಿತ್ತು ಎಂಬುದು ಇನ್ನೊಂದು. ೨೦೧೮ರಲ್ಲಿ ಚಿತ್ರವು ಹೊಸ ತಂತ್ರಜ್ಞಾನದ ರೂಪದಲ್ಲಿ ಮರುಬಿಡುಗಡೆಯಾದುದರಿಂದ, ೧೯೭೨ರ ಕಥೆ ಬೇರೊಂದು ತಲೆಮಾರಿನ ಪ್ರೇಕ್ಷಕರ ಮುಂದೆಯೂ ಬಂದು ನಿಂತಿತು.

ಎರಡೂ ಪಕ್ಷಗಳು ರಾಮಾಚಾರಿಯನ್ನೇ ಕುರಿತು ವಾದಿಸುತ್ತವೆ ಎಂಬುದು ಇಲ್ಲಿ ಮುಖ್ಯ. ಅಲಮೇಲು ಗುರುವಿಗೆ ಯಾವ ಮಾತನ್ನೂ ಕೊಟ್ಟವಳಲ್ಲ. ಆದರೂ ಶಿಷ್ಯನು ಕೊಟ್ಟ ಮಾತಿನ ಬೆಲೆಯನ್ನು ತೆತ್ತವಳು ಅವಳು. ಮಾರ್ಗರೆಟ್‌ಳಿಗೂ ಚಾಮಯ್ಯನವರಿಗೂ ಗುರುಶಿಷ್ಯ ಸಂಬಂಧವಿಲ್ಲ. ಬೆಟ್ಟದಿಂದ ಬೀಳುವಾಗ ಅವಳು ಯಾವ ಋಣ ತೀರಿಸುತ್ತಿದ್ದಾಳೆ ಎಂದು ಯಾವ ಪಕ್ಷವೂ ಕೇಳುವುದಿಲ್ಲ. ಅಭಿಮಾನಿಯ ನ್ಯಾಯಪೀಠದಲ್ಲಿ ನಾಯಕನಿಗೆ ವಾದವೂ ಇದೆ, ಪ್ರತಿವಾದವೂ ಇದೆ. ನಾಯಕಿಗೆ ಕನಿಕರ ಮಾತ್ರ ಉಂಟು.

ಮೂವತ್ತನಾಲ್ಕು ವರ್ಷಗಳ ನಂತರ ಬಂದ ಯೋಗರಾಜ ಭಟ್ಟರ ‘ಮುಂಗಾರು ಮಳೆ’ (೨೦೦೬) ಮಾತಿನ ಧಾಟಿಯಲ್ಲಿ, ಹಾಸ್ಯದಲ್ಲಿ ಪೂರ್ತಿ ಬೇರೆಯಾದ ಚಿತ್ರ. ಇಲ್ಲಿ ಗುರುವಿನ ಕಟ್ಟಳೆಯಿಲ್ಲ, ಮತದ ಗೋಡೆಯಿಲ್ಲ. ಆದರೂ ಪ್ರೀತಮ್ ತಾನು ಪ್ರೀತಿಸಿದ, ತನ್ನನ್ನು ಪ್ರೀತಿಸಿದ ನಂದಿನಿಯನ್ನು ಬೇರೊಬ್ಬನಿಗೆ ಬಿಟ್ಟುಕೊಡುತ್ತಾನೆ. ಅಭಿಮಾನಿಗಳ ಬಾಯಲ್ಲಿ ಈ ಚಿತ್ರದ ಹಿರಿಮೆ ‘ತ್ಯಾಗ’ ಎಂಬ ಒಂದು ಪದದಲ್ಲಿ ಅಡಗಿದೆ. ಅಲಮೇಲುವನ್ನು ಬಿಟ್ಟುಕೊಟ್ಟ ರಾಮಾಚಾರಿಗೂ ನಂದಿನಿಯನ್ನು ಬಿಟ್ಟುಕೊಟ್ಟ ಪ್ರೀತಮನಿಗೂ ನಡುವೆ ಕಾಲ ಬದಲಾಗಿದೆ. ಬಿಟ್ಟುಕೊಡುವ ಅಧಿಕಾರ ಯಾರದೆಂಬುದು ಬದಲಾಗಿಲ್ಲ. ತನ್ನದಲ್ಲದ ಬದುಕನ್ನು ದಾನ ಮಾಡುವುದು ತ್ಯಾಗವಾಗಬಲ್ಲುದೆ ಎಂಬ ಪ್ರಶ್ನೆ ಅಭಿಮಾನಿಯ ಮಾತಿನಲ್ಲಿ ಅಪರೂಪಕ್ಕೆ ಬರುತ್ತದೆ.

ಜನಪದರ ಅಳತೆಗೋಲು

ಈ ಪ್ರಶ್ನೆಯನ್ನು ಹೊರಗಿನ ಸಿದ್ಧಾಂತದಿಂದ ತಂದು ಅಭಿಮಾನಿಯ ಮೇಲೆ ಹೇರಬೇಕಾಗಿಲ್ಲ. ಅವನು ಯಾವ ಪರಂಪರೆಯ ಕೇಳುಗನೋ ಆ ಪರಂಪರೆಯಲ್ಲಿಯೇ ಅದು ಇದೆ. ‘ಕೆರೆಗೆ ಹಾರ’ದಲ್ಲಿ ಹಿರಿಯರು ಕಿರಿಸೊಸೆ ಭಾಗೀರಥಿಯನ್ನು ಕೆರೆಗೆ ಬಲಿ ಕೊಡುತ್ತಾರೆ. ದಂಡಿನಿಂದ ಮರಳಿದ ಗಂಡ ಮಾದೇವರಾಯ ಅದೇ ಕೆರೆಗೆ ಹಾರುತ್ತಾನೆ. ಹಾಡಿನ ಗಮನ ಅವನ ಸಾಹಸದ ಮೇಲಿಲ್ಲ. ಅವಳ ಕೊನೆಯ ದಿನಗಳ ಓಡಾಟದ ಮೇಲಿದೆ. ತವರಿಗೆ ಹೋಗಿ ಬರುವ ಅವಳ ದಾರಿ, ಬಾಯಿ ಬಿಟ್ಟು ಹೇಳಲಾರದ ಅವಳ ದುಃಖ ಹಾಡಿನ ಬಹುಭಾಗವನ್ನು ತುಂಬಿವೆ. ಗಂಡನ ಸಾವು ಆ ದುಃಖಕ್ಕೆ ಕೊಟ್ಟ ಸಾಕ್ಷಿ, ಹಿರಿಯರ ಮೇಲೆ ಹೊರಿಸಿದ ದೋಷ. ಸಿನಿಮಾದಲ್ಲಿ ಹೆಣ್ಣಿನ ಸಾವು ಗಂಡಿನ ದುರಂತವನ್ನು ಹಿರಿದಾಗಿಸಿದರೆ, ಇಲ್ಲಿ ಗಂಡಿನ ಸಾವು ಹೆಣ್ಣಿಗಾದ ಅನ್ಯಾಯವನ್ನು ಎತ್ತಿ ತೋರುತ್ತದೆ.

ಎಲ್ಲೆ ಮೀರಿದ ಪ್ರೀತಿಯನ್ನು ಜನಪದ ಪರಂಪರೆ ಸಾವಿನಲ್ಲಿಯೇ ಮುಗಿಸುವುದಿಲ್ಲ ಎಂಬುದೂ ಗಮನಾರ್ಹ. ಬಿಳಿಗಿರಿರಂಗ ಸೋಲಿಗರ ಹುಡುಗಿ ಕುಸುಮಾಲೆಯನ್ನು ವರಿಸಿದನೆಂದು ಆ ಭಾಗದ ಜನಪದ ಕಾವ್ಯ ಹಾಡುತ್ತದೆ. ಆ ಕಾರಣದಿಂದಲೇ ಸೋಲಿಗರಿಗೆ ರಂಗಸ್ವಾಮಿ ದೇವರಷ್ಟೇ ಅಲ್ಲ, ಭಾವ. ಮೇಲುಕೋಟೆಯಲ್ಲಿ ಚೆಲುವನಾರಾಯಣನನ್ನು ಅರಸಿ ದೆಹಲಿಯಿಂದ ಬಂದಳೆನ್ನಲಾದ ಸುಲ್ತಾನನ ಮಗಳು ಬೀಬಿ ನಾಚಿಯಾರ್ ಸ್ವಾಮಿಯ ಪಾದದ ಬಳಿ ಸ್ಥಾನ ಪಡೆದಿದ್ದಾಳೆ. ಕಾಡಿನ ಹೆಣ್ಣು, ಅನ್ಯಮತದ ಹೆಣ್ಣು ಇಬ್ಬರೂ ಇಲ್ಲಿ ಕಥೆಯಿಂದ ಹೊರಹೋಗಿಲ್ಲ. ಆರಾಧನೆಯ ಲೋಕದೊಳಗೇ ಉಳಿದಿದ್ದಾರೆ. ಜನಪ್ರಿಯ ಸಿನಿಮಾ ಮಾರ್ಗರೆಟ್‌ಳಿಗೆ ಬೆಟ್ಟದ ಕೆಳಗಿನ ಪ್ರಪಾತವನ್ನಷ್ಟೇ ತೋರಿಸಿತು.

ಈ ಹೋಲಿಕೆಯಿಂದ ಜನಪದವೆಲ್ಲ ಉದಾರ, ಸಿನಿಮಾವೆಲ್ಲ ಸಂಕುಚಿತ ಎಂಬ ತೀರ್ಮಾನಕ್ಕೆ ಬರುವುದು ತಪ್ಪಾದೀತು. ಕುಸುಮಾಲೆಗೆ ದೊರೆತದ್ದು ದೇವರ ಕಿರಿಯ ಮಡದಿಯ ಸ್ಥಾನ. ನಾಚಿಯಾರಳಿಗೆ ದೊರೆತದ್ದು ಪಾದದ ಎಡೆ. ನೆಂಟಸ್ತಿಕೆಯ ಮಾತು ಮೇಲುಕೀಳನ್ನು ಅಳಿಸದೆ ಅದಕ್ಕೆ ಬಂಧುತ್ವದ ಹೊದಿಕೆ ಹೊದಿಸಿರುವುದೂ ಉಂಟು. ಆದರೆ ಭಾವ ಎಂದು ಕರೆಯುವವನಿಗೆ ಕೇಳುವ ಹಕ್ಕೊಂದು ಉಳಿಯುತ್ತದೆ. ಸೋದರಿಯನ್ನು ಕೊಟ್ಟವರು ದೇವರೊಡನೆಯೂ ಸಲುಗೆಯಿಂದ, ಅಗತ್ಯಬಿದ್ದರೆ ಜಗಳದಿಂದ ಮಾತನಾಡಬಲ್ಲರು. ಪ್ರಾತಿನಿಧ್ಯವೆಂದರೆ ಕಥೆಯಲ್ಲಿ ಒಂದು ಮುಖ ಕಾಣಿಸಿಕೊಳ್ಳುವುದಷ್ಟೇ ಅಲ್ಲ. ಆ ಮುಖದವರಿಗೆ ಕಥೆಯೊಡನೆ ಜಗಳವಾಡುವ ಸಂಬಂಧ ದೊರೆಯುವುದು ಎಂಬ ಅರ್ಥ ಇಲ್ಲಿ ಹೊರಡುತ್ತದೆ.

ನುಡಿ, ರೂಪ ಮತ್ತು ಅಭಿಮಾನಿ ನಾಯಕ

ಕನ್ನಡ ಸಿನಿಮಾದಲ್ಲಿ ಪ್ರಣಯಕ್ಕೆ ಬಹುಕಾಲ ಒಂದೇ ನುಡಿಯಿತ್ತು. ನಾಯಕ ನಾಯಕಿಯರು ಗ್ರಾಂಥಿಕಕ್ಕೆ ಸಮೀಪವಾದ ಅಥವಾ ಮೈಸೂರು-ಬೆಂಗಳೂರು ಸೀಮೆಯ ಕನ್ನಡದಲ್ಲಿ ಪ್ರೀತಿಸಿದರು. ಧಾರವಾಡ, ಕಲಬುರಗಿ, ಮಂಗಳೂರಿನ ಮಾತುಗಳು ಹೆಚ್ಚಾಗಿ ಹಾಸ್ಯಪಾತ್ರಗಳ ಪಾಲಾದವು. ‘ನಮ್ಮ ಮಾತಿನಲ್ಲಿ ಯಾರೂ ಪ್ರೀತಿಸುವುದಿಲ್ಲವೇ’ ಎಂಬ ಅಸಮಾಧಾನ ಆ ಸೀಮೆಗಳ ಪ್ರೇಕ್ಷಕರಲ್ಲಿ ಹಳೆಯದು, ನ್ಯಾಯವಾದುದೂ ಹೌದು.

ಈ ಅಸಮಾಧಾನಕ್ಕೆ ಒದಗಿದ ಒಂದು ಉತ್ತರ ರಾಜ್ ಬಿ. ಶೆಟ್ಟಿ ನಿರ್ದೇಶಿಸಿ ನಟಿಸಿದ ‘ಒಂದು ಮೊಟ್ಟೆಯ ಕಥೆ’ (೨೦೧೭). ಮಂಗಳೂರು ಕನ್ನಡದಲ್ಲಿ ನಡೆಯುವ ಈ ಚಿತ್ರದ ನಾಯಕ ಜನಾರ್ದನ ಕನ್ನಡ ಉಪನ್ಯಾಸಕ, ಬೊಕ್ಕತಲೆಯವ. ಎಲ್ಲಕ್ಕಿಂತ ಮಿಗಿಲಾಗಿ ರಾಜಕುಮಾರ್ ಅವರ ಅಭಿಮಾನಿ. ತೆರೆಯ ಎದುರು ಕುಳಿತಿದ್ದವನನ್ನೇ ತೆರೆಯ ಮೇಲೆ ತಂದು ಪ್ರೇಮಕಥೆಯ ನಡುವೆ ನಿಲ್ಲಿಸಿದ್ದು ಈ ಚಿತ್ರದ ವಿಶೇಷ. ತನ್ನ ತಲೆಯನ್ನು ನೋಡಿ ಹೆಣ್ಣುಗಳು ನಿರಾಕರಿಸಿದಾಗ ಅವನು ನೋಯುತ್ತಾನೆ. ರೂಪದಿಂದ ಮನುಷ್ಯನನ್ನು ಅಳೆಯಬಾರದು ಎಂಬ ಅವನ ಮೌನ ವಾದವನ್ನು ಪ್ರೇಕ್ಷಕ ಒಪ್ಪುತ್ತಾನೆ. ಆದರೆ ಸ್ಥೂಲಕಾಯದ ಸರಳಾ ಎದುರಾದಾಗ ಜನಾರ್ದನನೂ ಅದೇ ಅಳತೆಗೋಲನ್ನು ಹಿಡಿಯುತ್ತಾನೆ. ತನಗೆ ಬೇಕಾದ ನ್ಯಾಯವನ್ನು ಅವಳಿಗೆ ಕೊಡಲು ಅವನು ತಡಬಡಿಸುತ್ತಾನೆ. ಅಭಿಮಾನಿಯ ನ್ಯಾಯದ ಮಿತಿಯನ್ನು ಇಷ್ಟು ನಿಖರವಾಗಿ ಗುರುತಿಸಿದ ವಿಮರ್ಶೆ ಅಭಿಮಾನಿಯ ಕಥೆಯೊಳಗಿನಿಂದಲೇ ಬಂದಿರುವುದು ಅರ್ಥಪೂರ್ಣ. ಕೇಂದ್ರದಿಂದ ದೂರವಿದ್ದವನು ಕೇಂದ್ರಕ್ಕೆ ಬಂದಾಗ ತನ್ನ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬಿಡುತ್ತಾನೆಯೇ ಎಂಬುದೇ ಪ್ರಾತಿನಿಧ್ಯದ ನಿಜವಾದ ಪರೀಕ್ಷೆ.

ಅಭಿಮಾನಿಗಳನ್ನು ರಾಜಕುಮಾರ್ ‘ದೇವರುಗಳು’ ಎಂದು ಕರೆದದ್ದು ನಾಡಿಗೆಲ್ಲ ತಿಳಿದ ಸಂಗತಿ. ಇದನ್ನು ವಿನಯವೆಂದು ಮೆಚ್ಚಿದವರಿದ್ದಾರೆ, ತಾರಾಪಟ್ಟದ ಚಾತುರ್ಯವೆಂದು ಶಂಕಿಸುವವರೂ ಇರಬಹುದು. ಜಾನಪದದ ಕಣ್ಣಿಗೆ ಆ ಸಂಬೋಧನೆ ಇನ್ನೊಂದು ಹೊಣೆಯನ್ನು ನೆನಪಿಸುತ್ತದೆ. ಊರ ದೈವವೆಂದರೆ ಹರಕೆ ಪಡೆಯುವುದಷ್ಟೇ ಅಲ್ಲ. ತುಳುನಾಡಿನ ಭೂತದಂತೆ ಎರಡೂ ಕಡೆಯವರ ಅಹವಾಲು ಕೇಳಿ ನುಡಿ ಕೊಡುವುದೂ ಅದರ ಕೆಲಸ. ಒಬ್ಬರ ಅಹವಾಲನ್ನಷ್ಟೇ ಕೇಳಿ ಕೊಟ್ಟ ನುಡಿಯನ್ನು ಊರು ನಂಬುವುದಿಲ್ಲ.

ಅಧ್ಯಯನದ ಮುಂದಿನ ದಾರಿ

ಅಭಿಮಾನಿಯ ಅಭಿಪ್ರಾಯಗಳನ್ನು ಲಾವಣಿ ಅಥವಾ ಕಥನಗೀತೆಯ ಪಾಠಾಂತರಗಳಂತೆಯೇ ಸಂಗ್ರಹಿಸುವುದು ಅಗತ್ಯ. ಒಂದೇ ಚಿತ್ರದ ಕಥೆಯನ್ನು ಬೇರೆ ಬೇರೆ ಊರಿನವರು, ಬೇರೆ ಬೇರೆ ಸಮುದಾಯದವರು ಹೇಗೆ ಮರಳಿ ಹೇಳುತ್ತಾರೆ, ಏನನ್ನು ಬಿಡುತ್ತಾರೆ, ಎಲ್ಲಿ ದನಿ ಏರಿಸುತ್ತಾರೆ ಎಂಬುದನ್ನು ದಾಖಲಿಸಬೇಕು. ವಿಶೇಷವಾಗಿ ಹೆಂಗಸರ ಮಾತು ಈ ಸಂಗ್ರಹದಲ್ಲಿ ಸೇರಬೇಕು. ಅಭಿಮಾನಿ ಸಂಘಗಳ ಫಲಕ, ಮೆರವಣಿಗೆ, ಘೋಷಣೆಗಳಲ್ಲಿ ಹೆಚ್ಚಾಗಿ ಕಾಣುವವರು ಗಂಡಸರು. ಚಿತ್ರ ನೋಡಿ ಬಂದು ಅಡುಗೆಮನೆಯಲ್ಲಿ, ಹೂ ಕಟ್ಟುವಲ್ಲಿ, ಬಸ್ಸಿನ ಸೀಟಿನಲ್ಲಿ ಅದೇ ಕಥೆಯನ್ನು ತಮ್ಮ ಅಳತೆಯಲ್ಲಿ ಮತ್ತೆ ಹೇಳುವ ಹೆಂಗಸರ ಪಾಠ ಯಾವ ಫಲಕದಲ್ಲಿಯೂ ಬರೆಯಲ್ಪಟ್ಟಿಲ್ಲ. ಜನಪದ ಗೀತೆಗಳ ಸಂಗ್ರಹಕಾರರು ಒಂದು ಕಾಲದಲ್ಲಿ ಬೀಸುಕಲ್ಲಿನ ಬಳಿ ಕುಳಿತು ಹಾಡು ಬರೆದುಕೊಳ್ಳದಿದ್ದರೆ ಭಾಗೀರಥಿಯ ದಾರಿ ಇಂದಿಗೆ ಉಳಿಯುತ್ತಿರಲಿಲ್ಲ. ಅಲಮೇಲುವಿನ ಪಾಲಿಗೆ ಆ ಕೆಲಸ ಇನ್ನೂ ಆರಂಭವಾಗಬೇಕಾಗಿದೆ.