ಉತ್ತರಿಸಬೇಕಾದ ವೇದಿಕೆ: ವಿದ್ವತ್ಸಭೆಗಳ ಉಪನ್ಯಾಸ ಮತ್ತು ವಾದಸಂವಾದಗಳ ಕುರಿತು ಒಂದು ವಿಮರ್ಶೆ

ವಿದ್ವತ್ಸಭೆಗಳು ಏರ್ಪಡಿಸುವ ಸಾರ್ವಜನಿಕ ಉಪನ್ಯಾಸಗಳಿಗೂ ವಿಚಾರ ಸಂಕಿರಣಗಳಿಗೂ ಗುರುಗಳಿಗೆ ಆಹ್ವಾನ ಬರುವುದು ಇಂದು ಅಪರೂಪದ ಸಂಗತಿಯೇನಲ್ಲ. ಅಂಥ ಆಹ್ವಾನವನ್ನು ನಮ್ಮಲ್ಲಿ ಸಾಮಾನ್ಯವಾಗಿ ಎರಡು ರೀತಿಯಲ್ಲಿ ಸ್ವೀಕರಿಸಲಾಗುತ್ತದೆ. ಕೆಲವರು ಅದನ್ನು ಪ್ರಬೋಧನೆಗೆ ದೊರೆತ ಇನ್ನೊಂದು ಪೀಠವೆಂದು ಬಗೆಯುತ್ತಾರೆ. ಇನ್ನು ಕೆಲವರು ವಿವಾದಕ್ಕೆ ಎಡೆಗೊಡದೆ ಸೌಹಾರ್ದದ ನಾಲ್ಕು ಮಾತನಾಡಿ ಮರಳುವುದೇ ಲೇಸೆಂದು ಭಾವಿಸುತ್ತಾರೆ. ಮೊದಲನೆಯವರಲ್ಲಿ ಉತ್ಸಾಹವಿದೆ, ಎರಡನೆಯವರಲ್ಲಿ ಎಚ್ಚರವಿದೆ. ಆದರೆ ಇಬ್ಬರೂ ಆ ವೇದಿಕೆಯ ಸ್ವರೂಪವನ್ನು ಗಮನಿಸಿದಂತೆ ತೋರುವುದಿಲ್ಲ. ಬಲಿಪೂಜೆಯ ಪ್ರಬೋಧನೆಯ ನಡುವೆ ಯಾರೂ ಎದ್ದು ನಿಂತು ಪ್ರಶ್ನಿಸುವುದಿಲ್ಲ. ಅದು ಆರಾಧನೆಯ ಭಾಗವಾದುದರಿಂದ ಹಾಗಿರುವುದೇ ಸರಿ. ವಿದ್ವತ್ಸಭೆಯಲ್ಲಾದರೋ ಮಾತನಾಡಿದವನು ಉತ್ತರಿಸಲೂ ಬದ್ಧನಾಗುತ್ತಾನೆ. ಈ ಬದ್ಧತೆ ದೈವಶಾಸ್ತ್ರಕ್ಕೆ ಹೊರೆಯೋ ಅಥವಾ ಅದರ ಆರೋಗ್ಯಕ್ಕೆ ಅಗತ್ಯವೋ ಎಂಬುದೇ ಇಲ್ಲಿ ನಾವು ವಿಚಾರಿಸಬಯಸುವ ವಿಷಯ.

ಧರ್ಮಸಭೆಗೆ ಇದು ಹೊಸ ಪ್ರಶ್ನೆಯಲ್ಲ. ಪ್ರೇಷಿತರ ಕಾರ್ಯಕಲಾಪಗಳ 17ನೆಯ ಅಧ್ಯಾಯದಲ್ಲಿ ಸಂತ ಪೌಲರು ಅಥೆನ್ಸಿನ ಅರಿಯೊಪಾಗದಲ್ಲಿ ಮಾತನಾಡಿದಾಗ ಕೇಳುಗರು ಮೂರು ಬಗೆಯಾದರು. ಕೆಲವರು ಪರಿಹಾಸ್ಯ ಮಾಡಿದರು, ಕೆಲವರು ಈ ವಿಷಯವನ್ನು ಇನ್ನೊಮ್ಮೆ ಕೇಳುವೆವೆಂದರು, ಕೆಲವರು ವಿಶ್ವಾಸವಿಟ್ಟರು. ಇದರಲ್ಲಿ ನಮ್ಮ ವ್ಯಾಖ್ಯಾನಕಾರರು ಸಾಮಾನ್ಯವಾಗಿ ಮೊದಲನೆಯವರನ್ನೂ ಕೊನೆಯವರನ್ನೂ ಕುರಿತು ಹೆಚ್ಚು ಹೇಳುತ್ತಾರೆ, ಮಧ್ಯದವರನ್ನು ಮರೆಯುತ್ತಾರೆ. ಇನ್ನೊಮ್ಮೆ ಕೇಳಬಯಸುವವರಿಗೆ ಇನ್ನೊಂದು ಸಭೆ ಬೇಕು. ಎಫೆಸದಲ್ಲಿ ಪೌಲರು ಅದನ್ನು ಒದಗಿಸಿದರು: ಪ್ರಾರ್ಥನಾಮಂದಿರವನ್ನು ಬಿಟ್ಟು ತುರನ್ನನ ಶಾಲೆಯಲ್ಲಿ ಎರಡು ವರ್ಷಗಳ ಕಾಲ ಪ್ರತಿದಿನವೂ ಚರ್ಚಿಸಿದರೆಂದು 19ನೆಯ ಅಧ್ಯಾಯ ತಿಳಿಸುತ್ತದೆ. ಅದು ಇನ್ನೊಬ್ಬರ ಸಭಾಂಗಣ, ಇನ್ನೊಬ್ಬರ ನೆಲ.

ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, ವಿದ್ವತ್ಸಭೆಯೊಂದರ ಚರಿತ್ರೆಯಲ್ಲಿ ಕಥೋಲಿಕ ಗುರುವೊಬ್ಬರ ಹೆಸರು ಗೌರವದಿಂದ ಉಳಿದುಕೊಂಡಿದೆ. ಬೆಂಗಳೂರಿನ ಮಿಥಿಕ್ ಸೊಸೈಟಿ 1909ರಲ್ಲಿ ಸ್ಥಾಪನೆಯಾಯಿತು. ಆಗಿನ ಕಲೆಕ್ಟರ್ ಎಫ್. ಜೆ. ರಿಚರ್ಡ್ಸ್ ಅದರ ಸ್ಥಾಪಕರಲ್ಲಿ ಪ್ರಮುಖರು. ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಗೆ ಸೇರಿದ ಫಾದರ್ ಎ. ಎಂ. ತಬಾರ್ ಅವರು ದೀರ್ಘಕಾಲ ಅದರ ಅಧ್ಯಕ್ಷರಾಗಿದ್ದರು. ಇಂದಿನ ನೃಪತುಂಗ ರಸ್ತೆಯಲ್ಲಿರುವ ಡೇಲಿ ಸ್ಮಾರಕ ಭವನ ಸೊಸೈಟಿಯ ನೆಲೆಯಾಯಿತು. ಅದರ ತ್ರೈಮಾಸಿಕ ಪತ್ರಿಕೆ ಇತಿಹಾಸ, ಪುರಾತತ್ವ, ಜನಾಂಗ ಅಧ್ಯಯನಗಳಲ್ಲಿ ವಿದ್ವಾಂಸರ ಗಮನ ಸೆಳೆಯಿತು. ಪರದೇಶದಿಂದ ಬಂದ ಗುರುವೊಬ್ಬರು ಈ ನಾಡಿನ ಪೂರ್ವಕಾಲವನ್ನು ಅರಿಯಲು ವಿವಿಧ ಮತಗಳ ವಿದ್ವಾಂಸರೊಡನೆ ಒಂದೇ ಸಾಲಿನಲ್ಲಿ ಕುಳಿತುದು ಸಣ್ಣ ಸಾಧನೆಯಲ್ಲ. ಆದರೂ ಒಂದು ಮಿತಿಯನ್ನು ಗುರುತಿಸಲೇಬೇಕು. ಆರಂಭದ ದಶಕಗಳಲ್ಲಿ ಆ ವ್ಯವಹಾರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯಿತು. ಅಲ್ಲದೆ ಇತರರ ಪೂರ್ವಚರಿತ್ರೆಯನ್ನು ಅರಿಯುವ ವೇದಿಕೆಯಾಗಿತ್ತೇ ಹೊರತು ಸ್ವಂತ ವಿಶ್ವಾಸವನ್ನು ಇತರರ ಪ್ರಶ್ನೆಗೆ ಒಡ್ಡುವ ವೇದಿಕೆಯಾಗಿ ಅದು ರೂಪುಗೊಂಡಿರಲಿಲ್ಲ. ಇದು ಸೊಸೈಟಿಯ ದೋಷವಲ್ಲ, ಅದರ ಉದ್ದೇಶವೇ ಬೇರೆ. ಆದರೆ ತಬಾರ್ ಅವರ ಮಾದರಿಯನ್ನು ನೆನೆಯುವವರು ಅದು ಎಲ್ಲಿಗೆ ಮುಗಿಯುತ್ತದೆ ಎಂಬುದನ್ನೂ ನೆನೆಯಬೇಕು.

ನಮ್ಮ ಇಂದಿನ ಉಪನ್ಯಾಸಗಳು ಆ ಮಿತಿಯನ್ನು ದಾಟಿವೆಯೆ? ಸಭೆಯ ಕ್ರಮವನ್ನೇ ನೋಡೋಣ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವಿಕೆ, ಅತಿಥಿಗಳ ಪರಿಚಯ, ಉಪನ್ಯಾಸ, ಅಧ್ಯಕ್ಷರ ನುಡಿ, ಶಾಲು ಹೊದಿಸಿ ಸನ್ಮಾನ, ವಂದನಾರ್ಪಣೆ. ಪ್ರಶ್ನೋತ್ತರಕ್ಕೆ ಆಹ್ವಾನಪತ್ರಿಕೆಯಲ್ಲಿ ಸ್ಥಳವಿದ್ದರೂ ಸಮಯದ ಅಭಾವದಿಂದ ಕೈಬಿಡಲ್ಪಡುವುದು ಅದೊಂದೇ. ವಂದನಾರ್ಪಣೆಗೆ ಸಮಯದ ಅಭಾವವಾದುದನ್ನು ಯಾರೂ ಕಂಡಂತಿಲ್ಲ. ಈ ಮರ್ಯಾದೆಗಳನ್ನು ನಾವು ಹಳಿಯುತ್ತಿಲ್ಲ. ಅತಿಥಿಸತ್ಕಾರ ನಮ್ಮ ನಾಡಿನ ಗುಣ. ಆದರೆ ಸತ್ಕಾರವು ಪ್ರಶ್ನೆಯನ್ನು ನುಂಗಿದಾಗ ಉಪನ್ಯಾಸಕನು ಗೌರವಿತನಾಗಿ ಮರಳುತ್ತಾನೆ, ಬಂದಾಗ ಇದ್ದ ಅಭಿಪ್ರಾಯಗಳೊಂದಿಗೇ ಮರಳುತ್ತಾನೆ. ಇದು ಕನ್ನಡದ ಜಾಯಮಾನಕ್ಕೂ ಒಪ್ಪುವಂಥದಲ್ಲ. 15ನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆ ಶರಣರ ವಚನಗಳನ್ನು ಪ್ರಶ್ನೋತ್ತರಗಳ ರೂಪದಲ್ಲಿ ಜೋಡಿಸಿತು. ಅನುಭವವನ್ನು ಕೂಡ ಪ್ರಶ್ನೆಯ ಮುಂದೆ ನಿಲ್ಲಿಸಬಹುದೆಂಬ ಅರಿವು ಈ ಭಾಷೆಗೆ ಹಳೆಯದು.

ವಿಶ್ವಾಸವೇ ಚರ್ಚೆಯ ವಿಷಯವಾದಾಗ ಏನಾಗುತ್ತದೆಂಬುದಕ್ಕೆ ಚೆನ್ನಾಗಿ ದಾಖಲಾದ ಉದಾಹರಣೆಯೊಂದನ್ನು ಹುಡುಕಿ ನಾವು ದೂರದ ಆಕ್ಸ್‌ಫರ್ಡಿಗೆ ಹೋಗಬೇಕಾಗಿದೆ. ಅಲ್ಲಿಯ ಸಾಕ್ರಟಿಕ್ ಕ್ಲಬ್ ಹುಟ್ಟಿದುದು ವಿದ್ಯಾರ್ಥಿನಿಯೊಬ್ಬಳ ದೂರಿನಿಂದ. ಅಜ್ಞೇಯತಾವಾದಿಗಳು ಎತ್ತುವ ಪ್ರಶ್ನೆಗಳನ್ನು ಚರ್ಚಿಸಲು ಯಾರೂ ಸಿದ್ಧರಿಲ್ಲವೆಂಬುದು ಆಕೆಯ ಅಳಲು. ವಿದ್ಯಾರ್ಥಿನಿಯರ ಆಧ್ಯಾತ್ಮಿಕ ಪಾಲನೆಯ ಹೊಣೆ ಹೊತ್ತಿದ್ದ ಸ್ಟೆಲ್ಲಾ ಆಲ್ಡ್‌ವಿಂಕಲ್ ಆ ದೂರನ್ನು ಗಂಭೀರವಾಗಿ ಪರಿಗಣಿಸಿ ಕ್ಲಬ್ಬನ್ನು ಕಟ್ಟಿದರು. 1942ರಲ್ಲಿ ಸಭೆಗಳು ಆರಂಭವಾದವು. ಆಂಗ್ಲಿಕನ್ ಸಭೆಯ ಸಾಹಿತ್ಯ ವಿದ್ವಾಂಸ ಸಿ. ಎಸ್. ಲೂಯಿಸ್ ಅದರ ಅಧ್ಯಕ್ಷರಾಗಿ 1954ರವರೆಗೆ ಮುಂದುವರಿದರು. ಒಬ್ಬರು ಪ್ರಬಂಧ ಮಂಡಿಸುವುದು, ಭಿನ್ನ ನಿಲುವಿನ ಇನ್ನೊಬ್ಬರು ಉತ್ತರಿಸುವುದು, ಬಳಿಕ ಸಭಿಕರ ಚರ್ಚೆ, ಇದು ಅಲ್ಲಿಯ ರೂಢಿ. ಕ್ಲಬ್ಬನ್ನು ಸ್ಥಾಪಿಸಿದವರು ತಾವು ತಟಸ್ಥರೆಂದು ಹೇಳಿಕೊಳ್ಳಲಿಲ್ಲ. ತಾವು ಕ್ರೈಸ್ತರೇ, ಆದರೆ ವಾದ ಮೊದಲಾದ ಮೇಲೆ ಅದು ತಮ್ಮ ಹಿಡಿತದಲ್ಲಿರುವುದಿಲ್ಲ, ಪೆಟ್ಟು ತಮಗೂ ಬೀಳಬಹುದು ಎಂಬುದನ್ನು ಲೂಯಿಸ್ ಮೊದಲೇ ಒಪ್ಪಿಕೊಂಡಿದ್ದರು.

ಪೆಟ್ಟು ಬಿದ್ದಿತು. 1947ರಲ್ಲಿ ಪ್ರಕಟವಾದ ಅದ್ಭುತಕಾರ್ಯಗಳ ಕುರಿತಾದ ತಮ್ಮ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಲೂಯಿಸ್ ಒಂದು ವಾದವನ್ನು ಹೂಡಿದ್ದರು. ನಿಸರ್ಗವೇ ಸರ್ವಸ್ವವಾಗಿದ್ದರೆ ನಮ್ಮ ಪ್ರತಿಯೊಂದು ಆಲೋಚನೆಯೂ ವಿವೇಚನೆಯಿಲ್ಲದ ಕಾರಣಗಳ ಫಲವಾಗುತ್ತದೆ. ಅಂಥ ಆಲೋಚನೆಯನ್ನು ನಂಬಲಾಗದು. ಆದುದರಿಂದ ನಿಸರ್ಗವಾದವು ತನ್ನನ್ನೇ ಅಲ್ಲಗಳೆಯುತ್ತದೆ ಎಂಬುದು ಅದರ ಸಾರ. 1948ರ ಫೆಬ್ರವರಿ 2ರಂದು ಕ್ಲಬ್ಬಿನ ಸಭೆಯಲ್ಲಿ ಎಲಿಜಬೆತ್ ಆನ್ಸ್‌ಕಂಬ್ ಇದನ್ನು ಪರೀಕ್ಷೆಗೊಳಪಡಿಸಿದರು. ಆಗ ಆಕೆಗೆ 28 ವರ್ಷ; ವಿಟ್ಗೆನ್‌ಸ್ಟೈನರ ಶಿಷ್ಯೆ, ಶ್ರದ್ಧಾವಂತ ಕಥೋಲಿಕ ಮಹಿಳೆ. ಭ್ರಮೆ, ಪೂರ್ವಗ್ರಹಗಳಂಥ ವಿವೇಕವಿರೋಧಿ ಕಾರಣಗಳು ಬೇರೆ, ಕೇವಲ ವಿವೇಚನೆಯ ವರ್ಗಕ್ಕೆ ಸೇರದ ಭೌತಿಕ ಕಾರಣಗಳು ಬೇರೆ. ಆಲೋಚನೆಯೊಂದು ಹೇಗೆ ಹುಟ್ಟಿತೆಂಬ ಪ್ರಶ್ನೆ ಬೇರೆ, ಅದಕ್ಕೆ ಆಧಾರವೇನೆಂಬ ಪ್ರಶ್ನೆ ಬೇರೆ. ಲೂಯಿಸ್ ಇವುಗಳನ್ನು ಬೆರೆಸಿದ್ದಾರೆಂದು ಆಕೆ ತೋರಿಸಿದರು.

ಈ ಘಟನೆಯನ್ನು ಲೂಯಿಸರ ಸೋಲೆಂದು ವರ್ಣಿಸುವವರಿದ್ದಾರೆ. ಅವರು ತೀವ್ರವಾಗಿ ಕುಗ್ಗಿದರೆಂದು ಕೆಲವು ಮಿತ್ರರು ನೆನೆಸಿಕೊಂಡಿದ್ದಾರೆ. ಆನ್ಸ್‌ಕಂಬ್ ಮಾತ್ರ ಅದನ್ನು ನಿರ್ದಿಷ್ಟ ಆಕ್ಷೇಪಗಳ ಶಾಂತ ಚರ್ಚೆಯೆಂದೇ ಬಹುಕಾಲದ ನಂತರ ಸ್ಮರಿಸಿದರು. ನಮಗೆ ಮುಖ್ಯವಾದುದು ಆ ಸಂಜೆಯ ಭಾವನೆಗಳಲ್ಲ, ತರುವಾಯ ನಡೆದ ಕೆಲಸ. 1960ರ ಆವೃತ್ತಿಗಾಗಿ ಲೂಯಿಸ್ ಆ ಅಧ್ಯಾಯವನ್ನು ತಿದ್ದಿ ಬರೆದರು. ಶೀರ್ಷಿಕೆಯಲ್ಲಿದ್ದ ‘ಆತ್ಮವಿರೋಧ’ ಹೋಗಿ ‘ತೊಡಕು’ ಬಂದಿತು. ಹೇಳಿಕೆಯ ಆವೇಶ ತಗ್ಗಿತು, ವಾದದ ಬಲ ಹೆಚ್ಚಿತು. ಆ ಮರುಬರಹ ಅವರ ಪ್ರಾಮಾಣಿಕತೆಗೆ ಸಾಕ್ಷಿಯೆಂದು ಮೆಚ್ಚಿದವರಲ್ಲಿ ಆನ್ಸ್‌ಕಂಬ್ ಅವರೂ ಒಬ್ಬರು. ದೇವರಲ್ಲಿ ವಿಶ್ವಾಸವಿಟ್ಟವರೇ ದೇವರ ಪರವಾದ ದುರ್ಬಲ ವಾದವನ್ನು ತಿರಸ್ಕರಿಸಬಹುದು, ತಿರಸ್ಕರಿಸಬೇಕು ಎಂಬ ಪಾಠವನ್ನು ಗುರು ಅಭ್ಯರ್ಥಿಗಳು ಇಲ್ಲಿ ಕಲಿಯಬೇಕು. ಸಾಮಾನ್ಯರಾದ ನಾವು ನಮ್ಮವರ ತಪ್ಪು ವಾದವನ್ನು ಸಭೆಯಲ್ಲಿ ತಿದ್ದುವುದನ್ನು ಒಗ್ಗಟ್ಟಿಗೆ ದ್ರೋಹವೆಂದು ಬಗೆಯುತ್ತೇವೆ. ಆದರೆ ಹುರುಳಿಲ್ಲದ ವಾದವನ್ನು ಕೇಳಿ ಮನೆಗೆ ಹೋದ ಯುವಕನು ನಾಳೆ ಅದರ ಟೊಳ್ಳನ್ನು ತಾನೇ ಕಂಡುಕೊಂಡಾಗ, ವಾದದೊಡನೆ ವಿಶ್ವಾಸವನ್ನೂ ತೊರೆಯುವ ಅಪಾಯವಿದೆ.

ಅದೇ ಕ್ಲಬ್ಬಿನಲ್ಲಿ ಆಂಟನಿ ಫ್ಲೂ ಮಂಡಿಸಿ 1950ರಲ್ಲಿ ಪ್ರಕಟಿಸಿದ ಕಿರುಪ್ರಬಂಧ ಇನ್ನೂ ಗಂಭೀರವಾದ ಸವಾಲನ್ನು ಒಡ್ಡಿತು. ದೇವರು ನಮ್ಮನ್ನು ಪ್ರೀತಿಸುತ್ತಾನೆಂಬ ಮಾತನ್ನು ಸುಳ್ಳಾಗಿಸುವ ಸಂಗತಿ ಯಾವುದಾದರೂ ಉಂಟೆ? ಯಾವುದೂ ಇಲ್ಲವಾದರೆ ಆ ಮಾತು ಏನನ್ನಾದರೂ ಹೇಳುತ್ತದೆಯೆ? ಲೂಯಿಸರ ನಂತರ ಕ್ಲಬ್ಬಿನ ಅಧ್ಯಕ್ಷರಾದ ಬೇಸಿಲ್ ಮಿಚೆಲ್ ಇದಕ್ಕೆ ಕೊಟ್ಟ ಉತ್ತರ ಪ್ರಸಿದ್ಧ. ಪರಾಕ್ರಾಂತ ದೇಶದ ಪ್ರತಿರೋಧ ಯೋಧನೊಬ್ಬನು ಒಂದು ರಾತ್ರಿ ಅಪರಿಚಿತನೊಬ್ಬನನ್ನು ಸಂಧಿಸಿ ಅವನಲ್ಲಿ ಭರವಸೆಯಿಡುತ್ತಾನೆ. ಮುಂದೆ ಆ ಅಪರಿಚಿತನು ಶತ್ರುವಿನ ಪಕ್ಷದಲ್ಲಿ ಕಾಣಿಸಿಕೊಂಡಾಗಲೂ ಯೋಧನು ಭರವಸೆಯನ್ನು ಬಿಡುವುದಿಲ್ಲ. ಆದರೆ ವಿರುದ್ಧ ಸಾಕ್ಷ್ಯ ಇಲ್ಲವೆಂದೂ ನಟಿಸುವುದಿಲ್ಲ. ಅದರ ಭಾರವನ್ನು ಅನುಭವಿಸುತ್ತಾನೆ. ಮಗುವಿನ ಶವಸಂಸ್ಕಾರದ ಮುಂದೆ ನಿಂತ ಪ್ರತಿಯೊಬ್ಬ ಗುರುವಿಗೂ ಫ್ಲೂ ಅವರ ಪ್ರಶ್ನೆ ಪರಿಚಿತವೇ. ತಾಯಿ ಅದನ್ನು ತತ್ವಶಾಸ್ತ್ರದ ಪರಿಭಾಷೆಯಲ್ಲಿ ಕೇಳುವುದಿಲ್ಲ, ಅಷ್ಟೆ. ಸಭಾಂಗಣದಲ್ಲಿ ಆ ಪ್ರಶ್ನೆಯನ್ನು ಎದುರಿಸದವನು ಮನೆಯಂಗಳದಲ್ಲಿ ಆಡುವ ಸಾಂತ್ವನದ ಮಾತು ಬಾಯಿಪಾಠವಾಗಿಬಿಡುತ್ತದೆ.

ಆಕ್ಸ್‌ಫರ್ಡಿನ ಮಾದರಿಯನ್ನು ಹಾಗೆಯೇ ಅನುಕರಿಸಬೇಕೆಂದು ನಾವು ಹೇಳುವುದಿಲ್ಲ. ಅದರಲ್ಲಿ ಎರಡು ದೋಷಗಳಿವೆ. ವಾಗ್ವಾದವು ಚುರುಕುಮತಿಗೆ ಒಲಿಯುತ್ತದೆ. ನಿಧಾನವಾಗಿ ಯೋಚಿಸುವವನ ಸತ್ಯ ಅಲ್ಲಿ ಮೂಲೆಗುಂಪಾಗಬಹುದು. ಎರಡನೆಯದಾಗಿ, ಅಲ್ಲಿ ಕೇಳಿಬಂದವು ವಿಶ್ವವಿದ್ಯಾಲಯದವರ ಪ್ರಶ್ನೆಗಳು. ಕೂಲಿಕಾರನ, ದಲಿತ ಕ್ರೈಸ್ತನ, ಹಳ್ಳಿಯ ಉಪದೇಶಿಯ ಪ್ರಶ್ನೆಗಳಿಗೆ ಅಲ್ಲಿ ಆಸನವಿರಲಿಲ್ಲ. ನಮ್ಮ ವಿದ್ವತ್ಸಭೆಗಳಲ್ಲಿಯೂ ಅವಕ್ಕೆ ಆಸನ ದೊರೆತಿದೆಯೆಂದು ಹೇಳುವಂತಿಲ್ಲ.

ಮೊದಲ ದೋಷಕ್ಕೆ ಪರಿಹಾರ ನಮ್ಮ ಪರಂಪರೆಯಲ್ಲಿಯೇ ಇದೆ. ಮಧ್ಯಯುಗದ ಪ್ಯಾರಿಸ್ಸಿನಲ್ಲಿ ಆಗಮನ ಕಾಲದಲ್ಲಿಯೂ ತಪಸ್ಸುಕಾಲದಲ್ಲಿಯೂ ಮುಕ್ತ ವಾದಸಭೆಗಳು ನಡೆಯುತ್ತಿದ್ದವು. ಸಭಿಕರಲ್ಲಿ ಯಾರು ಬೇಕಾದರೂ ಯಾವ ವಿಷಯವನ್ನಾದರೂ ಎತ್ತಬಹುದಾಗಿತ್ತು. ಅಧ್ಯಾಪಕನು ಅಲ್ಲಿಯೇ ತೀರ್ಪು ಕೊಡುತ್ತಿರಲಿಲ್ಲ. ಆಕ್ಷೇಪಗಳನ್ನೆಲ್ಲ ಪರಿಶೀಲಿಸಿ ಇನ್ನೊಂದು ದಿನ ನಿರ್ಣಯ ಹೇಳುತ್ತಿದ್ದನು. ಸಂತ ಥಾಮಸ್ ಅಕ್ವಿನಾಸರ ಇಂಥ 12 ವಾದಸಂಗ್ರಹಗಳು ಉಳಿದಿವೆ. ನಾಲ್ಕನೆಯದರಲ್ಲಿ ಅವರು ಅಧ್ಯಾಪಕನ ಕರ್ತವ್ಯವನ್ನೇ ಚರ್ಚಿಸುತ್ತಾರೆ: ಬರಿಯ ಪ್ರಮಾಣವಚನಗಳಿಂದ ಪ್ರಶ್ನೆಯನ್ನು ಮುಗಿಸಿದರೆ ಶಿಷ್ಯನಿಗೆ ನಿರ್ಣಯ ದೊರೆತರೂ ತಿಳಿವಳಿಕೆ ದೊರೆಯುವುದಿಲ್ಲವೆಂಬುದು ಅವರ ಅಭಿಪ್ರಾಯ. ದೈವಶಾಸ್ತ್ರ ಸಂಗ್ರಹದ ಪ್ರತಿಯೊಂದು ವಿಚಾರವೂ ಎದುರಾಳಿಯ ಕಾರಣಗಳಿಂದಲೇ ಆರಂಭವಾಗುವುದು ಈ ಶಿಸ್ತಿನ ಫಲ. ಗುರುಮಠಗಳಲ್ಲಿ ಆ ಆಕ್ಷೇಪಗಳನ್ನು ದಾಟಿ ನೇರವಾಗಿ ಉತ್ತರವನ್ನು ಓದುವ ಅಭ್ಯಾಸವಿರುವಲ್ಲಿ ಅಕ್ವಿನಾಸರ ತೀರ್ಮಾನಗಳು ದಕ್ಕಬಹುದು. ಅವರ ವಿಧಾನ ದಕ್ಕುವುದಿಲ್ಲ.

ಜಗದ್ಗುರು ಆರನೆಯ ಪೌಲರು 1964ರ ತಮ್ಮ ವಿಶ್ವಪತ್ರದಲ್ಲಿ ಸಂವಾದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದರು: ಸ್ಪಷ್ಟತೆ, ಸೌಮ್ಯತೆ, ಭರವಸೆ, ವಿವೇಕ. ನಮ್ಮ ಉಪನ್ಯಾಸಗಳನ್ನು ಇವುಗಳಿಂದ ಅಳೆದರೆ ಸೌಮ್ಯತೆಗೂ ವಿವೇಕಕ್ಕೂ ಕೊರತೆ ಕಾಣದು. ಕೊರತೆಯಿರುವುದು ಸ್ಪಷ್ಟತೆಯಲ್ಲಿ, ಅದಕ್ಕಿಂತ ಹೆಚ್ಚಾಗಿ ಭರವಸೆಯಲ್ಲಿ. ಪ್ರಶ್ನಿಸುವವನು ಸತ್ಯವನ್ನು ಅರಸುತ್ತಿದ್ದಾನೆಂಬ ಭರವಸೆ ನಮಗಿರಬೇಕು. ತನ್ನನ್ನು ವಿರೋಧಿಸಿದವರಿಂದಲೂ ಧರ್ಮಸಭೆ ಪ್ರಯೋಜನ ಪಡೆದಿದೆಯೆಂದು ಎರಡನೆಯ ವ್ಯಾಟಿಕನ್ ಮಹಾಸಭೆ ಆಧುನಿಕ ಜಗತ್ತಿನ ಕುರಿತಾದ ಸಂವಿಧಾನದ 44ನೆಯ ಪರಿಚ್ಛೇದದಲ್ಲಿ ಒಪ್ಪಿಕೊಂಡಿರುವಾಗ, ನಾವು ಅದಕ್ಕಿಂತ ಹೆಚ್ಚಿನ ಎಚ್ಚರಿಕೆ ವಹಿಸುವುದು ವಿವೇಕವೆನಿಸದು.

ಆದುದರಿಂದ ನಮ್ಮ ಸಲಹೆಗಳು ಸರಳವಾದವು. ವಿದ್ವತ್ಸಭೆಯ ಆಹ್ವಾನವನ್ನು ಒಪ್ಪುವ ಗುರುವು ಉಪನ್ಯಾಸಕ್ಕೆ ನೀಡಿದಷ್ಟೇ ಸಮಯವನ್ನು ಪ್ರಶ್ನೆಗಳಿಗೂ ನೀಡಬೇಕೆಂದು ಮೊದಲೇ ಕೇಳಿಕೊಳ್ಳಲಿ. ಸ್ಥಳದಲ್ಲಿ ಉತ್ತರಿಸಲಾಗದ ಪ್ರಶ್ನೆಯನ್ನು ಬರೆದುಕೊಂಡು, ಪ್ಯಾರಿಸ್ಸಿನ ಅಧ್ಯಾಪಕರಂತೆ, ಇನ್ನೊಂದು ದಿನ ಬಂದು ಉತ್ತರಿಸಲಿ. ಇನ್ನೊಮ್ಮೆ ಕೇಳುವೆವೆಂದ ಅಥೆನ್ಸಿನವರಿಗೆ ಬೇಕಾಗಿದ್ದುದು ಅದೇ. ಗುರು ಅಭ್ಯರ್ಥಿಗಳನ್ನು ಇಂಥ ಸಭೆಗಳಿಗೆ ಕಳುಹಿಸುವ ಅಧ್ಯಾಪಕರು ಉಪನ್ಯಾಸದ ಸಾರಾಂಶವನ್ನು ಬರೆಯಿಸುವ ಬದಲು, ನಮ್ಮ ವಿಶ್ವಾಸಕ್ಕೆ ವಿರುದ್ಧವಾಗಿ ಅಲ್ಲಿ ಕೇಳಿಬಂದ ಅತ್ಯಂತ ಬಲವಾದ ಮಾತನ್ನು, ಆಡಿದವನೇ ಒಪ್ಪುವಂತೆ ಬರೆಯಿಸಲಿ. ಧರ್ಮಕೇಂದ್ರದ ಸಭಾಭವನದಲ್ಲಿ ಇಂಥ ಕೂಟಗಳು ಕನ್ನಡದಲ್ಲಿಯೇ, ಕೂಲಿ ಮುಗಿಸಿ ಬಂದವರೂ ಕುಳಿತುಕೊಳ್ಳಬಹುದಾದ ಹೊತ್ತಿನಲ್ಲಿ ನಡೆಯಲಿ. ನಮ್ಮ ನಿರೀಕ್ಷೆಗೆ ಕಾರಣ ಕೇಳುವ ಪ್ರತಿಯೊಬ್ಬರಿಗೂ ಸೌಮ್ಯತೆಯಿಂದಲೂ ಗೌರವದಿಂದಲೂ ಉತ್ತರ ಕೊಡಲು ಸಿದ್ಧರಾಗಿರಬೇಕೆಂದು ಸಂತ ಪೇತ್ರರ ಮೊದಲನೆಯ ಪತ್ರ ಆದೇಶಿಸುತ್ತದೆ. ಅಲ್ಲಿ ಕೇಳುವವನ ವಿದ್ಯೆಯನ್ನಾಗಲಿ ಮತವನ್ನಾಗಲಿ ಪ್ರಸ್ತಾಪಿಸಿಲ್ಲ. ಅವನು ಕೇಳಿದರೆ ಸಾಕು.